ಕೌದಿ ಹೊಲಿಗೆಗೆ ಸೂಜಿ-ದಾರ: ಯಾವುದನ್ನು, ಎಲ್ಲಿ, ಹೇಗೆ ಕೊಳ್ಳಬೇಕು?



ಕೌದಿ ಇಲ್ಲದ ಮನೆ ನಮ್ಮ ಕಡೆ ಸಿಗುವುದು ಕಷ್ಟ. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗಗಳಲ್ಲಿ ಹಳೆಯ ಇಳಕಲ್ ಸೀರೆ, ಧೋತರ, ಅಂಗಿ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ ಕೈಯಿಂದಲೇ ಹೊಲಿಯುವ ಈ ಹೊದಿಕೆ ತೊಟ್ಟಿಲ ಕೂಸಿನಿಂದ ಹಿಡಿದು ವಯಸ್ಸಾದ ಹಿರಿಯರವರೆಗೆ ಎಲ್ಲರನ್ನೂ ಬೆಚ್ಚಗಿಡುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಅಂಚಿನಿಂದ ಹೊಲಿಯುತ್ತ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ’ಗಳನ್ನು ಕೂರಿಸುತ್ತಾರೆ. ಅವರ ಕೌದಿಗಳು ವಿದೇಶದ ಪ್ರದರ್ಶನಾಲಯಗಳನ್ನೂ ತಲುಪಿವೆ. ಇಷ್ಟೆಲ್ಲ ಆದರೂ ಕೌದಿಗೆ ಬೇಕಾಗುವ ಸಲಕರಣೆ ಬಹಳ ಕಡಿಮೆ. ಚೌಕಟ್ಟು ಬೇಡ, ಯಂತ್ರ ಬೇಡ, ನೆಲದ ಮೇಲೆ ಹಾಸಿಕೊಂಡು ಕುಳಿತರಾಯಿತು.

ಬಟ್ಟೆ ಹಳೆಯದು, ಶ್ರಮ ಮನೆಯದು. ಹಣ ಕೊಟ್ಟು ತರುವುದು ಸೂಜಿ, ದಾರ, ಕತ್ತರಿ ಇಷ್ಟನ್ನೇ. ಆದ್ದರಿಂದಲೇ ಅನೇಕರು ಇವುಗಳ ಕಡೆ ಲಕ್ಷ್ಯ ಕೊಡುವುದಿಲ್ಲ. ಸಂತೆಯಲ್ಲಿ ಕೈಗೆ ಸಿಕ್ಕ ಸೂಜಿ, ಮನೆಯಲ್ಲಿ ಉಳಿದ ಯಂತ್ರದ ದಾರ ಎಂದು ಕೆಲಸ ಶುರು ಮಾಡುತ್ತಾರೆ. ಇದು ಉಳಿತಾಯವಲ್ಲ, ನಷ್ಟ. ಅದು ಹೇಗೆಂದು ಒಂದು ಲೆಕ್ಕದಿಂದ ನೋಡೋಣ.

4 ಅಡಿ ಅಗಲ, 6 ಅಡಿ ಉದ್ದದ ಕೌದಿಯಲ್ಲಿ ಅರ್ಧ ಇಂಚಿಗೊಂದು ಸಾಲು ಹೊಲಿದರೆ 96 ಸಾಲುಗಳಾಗುತ್ತವೆ. ಪ್ರತಿ ಸಾಲು 72 ಇಂಚು. ಇಂಚಿಗೆ 4 ಹೊಲಿಗೆಯಂತೆ ಲೆಕ್ಕ ಹಾಕಿದರೆ ಒಂದು ಕೌದಿಯಲ್ಲಿ 27 ಸಾವಿರಕ್ಕೂ ಹೆಚ್ಚು ಹೊಲಿಗೆಗಳು. ಹೊಲಿಗೆ ಹೊಲಿಗೆಗೂ ಬೆರಳು ಸೂಜಿಯನ್ನು ನಾಲ್ಕೈದು ಪದರಗಳ ಮೂಲಕ ದೂಡಬೇಕು. ಸೂಜಿ ಸರಿಯಿಲ್ಲದಿದ್ದರೆ ಆ ತೊಂದರೆಯನ್ನು ನಾವು 27 ಸಾವಿರ ಸಲ ಅನುಭವಿಸುತ್ತೇವೆ. ಬೆಳಗ್ಗೆ-ಸಂಜೆ ಹಾಲು ಕರೆಯುವ ಕೈಯೂ ಇದೇ ಎಂಬುದನ್ನು ಮರೆಯಬಾರದು.

ಸೂಜಿ

ಕೈಹೊಲಿಗೆಯ ಸೂಜಿಗಳಿಗೆ ನಂಬರ್ ಇರುತ್ತದೆ. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣದಾಗುತ್ತದೆ, ಕಡಿಮೆಯಾದಷ್ಟೂ ದಪ್ಪವಾಗುತ್ತದೆ. ಅಂಗಡಿಯಲ್ಲಿ ‘ದೊಡ್ಡ ಸೂಜಿ ಕೊಡಿ’ ಎಂದಷ್ಟೇ ಕೇಳಿದರೆ ಗೋಣಿಚೀಲ ಹೊಲಿಯುವ ದಬ್ಬಳವೂ ಕೈಗೆ ಬರಬಹುದು. ದಬ್ಬಳ ಬಟ್ಟೆಯ ಎಳೆಗಳನ್ನು ಹರಿದು ತೂತು ಮಾಡುತ್ತದೆ. ಕೌದಿಗೆ ಅದು ಬೇಡ.

ನಮಗೆ ಬೇಕಾದದ್ದು ಚೂಪು ಮೊನೆಯ, ಉದ್ದನೆಯ ಕಣ್ಣಿನ, ದಾರಕ್ಕೆ ತಕ್ಕ ದಪ್ಪದ ಸೂಜಿ. ಸೂಜಿಯ ಕಣ್ಣಿನ ಭಾಗ ಬಟ್ಟೆಯಲ್ಲಿ ಮಾಡುವ ತೂತಿನ ಮೂಲಕವೇ ದಾರ ಹಾಯಬೇಕಷ್ಟೆ. ತೂತು ಕಿರಿದಾದರೆ ಪ್ರತಿ ಸಲವೂ ದಾರ ಉಜ್ಜಿ ಎಳೆ ಬಿಚ್ಚುತ್ತದೆ. ತೂತು ಹಿರಿದಾದರೆ ದೂಡಲು ಶಕ್ತಿ ಬೇಕು, ಹೊಲಿಗೆಯೂ ಸಡಿಲವಾಗುತ್ತದೆ. ತೆಳು ಕೌದಿಗೆ ಗಿಡ್ಡ ಸೂಜಿಯಿಂದ ಒತ್ತಾದ ಹೊಲಿಗೆ ಬರುತ್ತದೆ. ದಪ್ಪ ಕೌದಿಗೆ ಒಂದೇ ಸಲಕ್ಕೆ ಮೂರು-ನಾಲ್ಕು ಹೊಲಿಗೆ ಪೋಣಿಸಿಕೊಳ್ಳುವಷ್ಟು ಉದ್ದದ ಸೂಜಿ ಅನುಕೂಲ.

ಹಾಲನ್ನು ಪರೀಕ್ಷೆ ಮಾಡದೆ ನಮ್ಮ ಸಂಘ ತೆಗೆದುಕೊಳ್ಳುವುದಿಲ್ಲ. ಸೂಜಿಗೂ ಹಾಗೆಯೇ ಮೂರು ಪರೀಕ್ಷೆಗಳಿವೆ:

1. ಕನ್ನಡಿ ಅಥವಾ ಗಾಜಿನ ಮೇಲೆ ಸೂಜಿಯನ್ನು ಉರುಳಿಸಿ. ನೆಟ್ಟಗಿದ್ದರೆ ಸರಾಗವಾಗಿ ಉರುಳುತ್ತದೆ, ಬಾಗಿದ್ದರೆ ಕುಪ್ಪಳಿಸುತ್ತದೆ.
2. ದಾರ ಪೋಣಿಸಿ ಕಣ್ಣಿನಲ್ಲಿ ಹತ್ತು ಸಲ ಹಿಂದೆ-ಮುಂದೆ ಎಳೆಯಿರಿ. ದಾರ ಜುಂಗು ಎದ್ದರೆ ಕಣ್ಣಿನ ಒಳಅಂಚು ಒರಟಾಗಿದೆ ಎಂದು ಅರ್ಥ.
3. ಮನೆಯಿಂದ ತಂದ ಬಟ್ಟೆಯ ಪದರಗಳಲ್ಲಿ ನಾಲ್ಕು ಹೊಲಿಗೆ ಹಾಕಿ ನೋಡಿ. ಇದಕ್ಕೆ ಒಪ್ಪುವ ಅಂಗಡಿಯವರೇ ನಮಗೆ ಬೇಕಾದ ಅಂಗಡಿಯವರು.

ತುಕ್ಕು ಹಿಡಿದ ಸೂಜಿ ಬಟ್ಟೆಗೂ ಕಲೆ, ಬೆರಳಿಗೂ ಅಪಾಯ. ಒದ್ದೆ ಕೈಯಿಂದ ಮುಟ್ಟಬೇಡಿ. ಮುಚ್ಚಳವಿರುವ ಒಣ ಡಬ್ಬಿಯಲ್ಲಿಡಿ.

ದಾರ

ಹಳೆಯ ಹತ್ತಿ ಬಟ್ಟೆಗೆ ಹತ್ತಿಯ ದಾರವೇ ಹೊಂದುತ್ತದೆ. ಯಂತ್ರದ ಸಣ್ಣ ದಾರವನ್ನು ಬಳಸುವುದಾದರೆ ಜೋಡಿ ಎಳೆ ಮಾಡಿಕೊಳ್ಳಬೇಕು. ಕಸೂತಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ ‘ಪರ್ಲ್ ಕಾಟನ್’ ಎಂಬ ಹುರಿ ದಾರವಾದರೆ ಒಂದೇ ಎಳೆ ಸಾಕು. ಇದರಲ್ಲೂ ನಂಬರ್ ಹೆಚ್ಚಾದಷ್ಟೂ ದಾರ ಸಣ್ಣದು: 5 ನಂಬರಿನದು ದಪ್ಪ, 8 ಅದಕ್ಕಿಂತ ಸಣ್ಣದು, 12 ಇನ್ನೂ ಸಣ್ಣದು.

ಎಷ್ಟು ದಾರ ಬೇಕು? ಮೇಲಿನ ಕೌದಿಯ ಲೆಕ್ಕವನ್ನೇ ತೆಗೆದುಕೊಳ್ಳಿ. 96 ಸಾಲು, ಪ್ರತಿ ಸಾಲು 6 ಅಡಿ, ಒಟ್ಟು 576 ಅಡಿ, ಅಂದರೆ ಸುಮಾರು 176 ಮೀಟರ್. ಗಂಟು, ತುದಿ, ಬಟ್ಟೆಯ ಏರಿಳಿತಕ್ಕೆಂದು ಐದನೇ ಒಂದು ಭಾಗ ಸೇರಿಸಿದರೆ ಸುಮಾರು 210 ಮೀಟರ್. ಜೋಡಿ ಎಳೆಯಾದರೆ 420 ಮೀಟರ್. ಇಂಚಿಗೊಂದೇ ಸಾಲು ಹಾಕುವುದಾದರೆ ಇದರ ಅರ್ಧ. ಉಂಡೆ ಅಥವಾ ರೀಲಿನ ಚೀಟಿಯ ಮೇಲೆ ಮೀಟರ್ ಎಷ್ಟೆಂದು ಅಚ್ಚಾಗಿರುತ್ತದೆ, ಅದನ್ನು ಓದಿ ಕೊಳ್ಳಿ. ಇಡೀ ಕೌದಿಗೆ ಬೇಕಾದಷ್ಟನ್ನು ಒಂದೇ ಸಲ ತನ್ನಿ. ಬೇರೆ ಬೇರೆ ಸಲ ತಂದರೆ ಅದೇ ಬಣ್ಣ ಸಿಗುವ ಭರವಸೆ ಇಲ್ಲ.

ಕೊಳ್ಳುವ ಮೊದಲು ಒಂದು ತುಂಡನ್ನು ಎರಡೂ ಕೈಯಿಂದ ಜಗ್ಗಿ ನೋಡಿ. ಬಣ್ಣದ ದಾರವಾದರೆ ಒದ್ದೆ ಮಾಡಿದ ಬಿಳಿ ಬಟ್ಟೆಯಲ್ಲಿ ಹಿಡಿದು ಉಜ್ಜಿ. ಬಣ್ಣ ಅಂಟಿದರೆ ಆ ದಾರ ಬೇಡ. ಹೊಲಿಯುವಾಗ ದಾರ ಸಿಕ್ಕಾಗುತ್ತಿದ್ದರೆ ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಳ್ಳಿ. ಪೋಣಿಸಿದ ದಾರ ಒಂದು, ಒಂದೂವರೆ ಮೊಳದಷ್ಟಿದ್ದರೆ ಸಾಕು. ಮಾರುದ್ದ ದಾರ ಪೋಣಿಸಿದರೆ ಸಮಯ ಉಳಿಯುವುದಿಲ್ಲ, ಗಂಟು ಬಿಡಿಸುವುದೇ ಕೆಲಸವಾಗುತ್ತದೆ.

ಅಂಗುಸ್ತಾನ ಮತ್ತು ಕತ್ತರಿ

ದರ್ಜಿಗಳು ನಡುಬೆರಳಿಗೆ ಹಾಕಿಕೊಳ್ಳುವ ಲೋಹದ ಚಿಕ್ಕ ಟೋಪಿಗೆ ಅಂಗುಸ್ತಾನ ಎನ್ನುತ್ತಾರೆ. ಬೆಲೆ ಅಲ್ಪ, ಉಪಕಾರ ದೊಡ್ಡದು. ಬೆರಳಿಗೆ ಹಾಕಿ ಕೈ ಕೆಳಗೆ ಮಾಡಿದಾಗ ಬೀಳಬಾರದು, ಬಿಗಿದು ಬೆರಳು ಜೋಮು ಹಿಡಿಯಲೂಬಾರದು. ಮೇಲಿನ ಗುಳಿಗಳು ಆಳವಾಗಿದ್ದರೆ ಸೂಜಿ ಜಾರುವುದಿಲ್ಲ. ಹಾಲು ಕರೆಯುವವರ ಬೆರಳಿನಲ್ಲಿ ಸೂಜಿ ಚುಚ್ಚಿದ ಗಾಯ ಇರಬಾರದು. ಗಾಯ ಕೀವಾದರೆ ಕರೆಯುವವರಿಗೂ ತೊಂದರೆ, ಕೆಚ್ಚಲಿಗೂ ಸೋಂಕಿನ ಭಯ.

ಕತ್ತರಿಗಳು ಎರಡಿರಲಿ: ಬಟ್ಟೆಗೆ ದೊಡ್ಡದು, ದಾರಕ್ಕೆ ಚಿಕ್ಕದು. ಬಟ್ಟೆಯ ಕತ್ತರಿಯಿಂದ ಕಾಗದ, ಹಾಲಿನ ಪೊಟ್ಟಣ ಕತ್ತರಿಸಬೇಡಿ. ಉತ್ತರ ಪ್ರದೇಶದ ಮೀರತ್ ಪಟ್ಟಣದ ಕತ್ತರಿಗಳು ದೇಶದಲ್ಲೆಲ್ಲ ಹೆಸರಾಗಿವೆ. ಅಜ್ಜ ಕೊಂಡದ್ದನ್ನು ಮೊಮ್ಮಗ ಬಳಸುತ್ತಾನೆ ಎಂಬ ಮಾತೇ ಆ ಕತ್ತರಿಯ ಬಗ್ಗೆ ಇದೆ. ಮತ್ತೆ ಮತ್ತೆ ಸಾಣೆ ಹಿಡಿಸಿ ಬಳಸಲು ಬರುವುದೇ ಇದಕ್ಕೆ ಕಾರಣ. ಕತ್ತರಿ ಕೊಳ್ಳುವಾಗ ‘ಸಾಣೆ ಹಿಡಿಸಬಹುದೇ? ತಿರುಪು ಬಿಗಿ ಮಾಡಬಹುದೇ?’ ಎಂದು ಕೇಳಿ. ಒದ್ದೆ ಮಾಡಿದ ತೆಳು ಬಟ್ಟೆಯನ್ನು ತುದಿಯವರೆಗೂ ಕತ್ತರಿಸಿ ನೋಡಿ. ಅಲಗಿನ ತುದಿಯಲ್ಲಿ ಬಟ್ಟೆ ಮಡಚಿಕೊಂಡರೆ ಅದು ಒಳ್ಳೆಯ ಕತ್ತರಿಯಲ್ಲ.

ಬಟ್ಟೆಯ ತುಂಡುಗಳು

ಮನೆಯ ಹಳೆಯ ಬಟ್ಟೆ ಸಾಲದಿದ್ದರೆ ದರ್ಜಿಯವರಲ್ಲಿ ಚಿಂದಿ ಸಿಗುತ್ತದೆ. ಆದರೆ ಈಗಿನ ಚಿಂದಿಯಲ್ಲಿ ಪಾಲಿಯೆಸ್ಟರ್ ಹೆಚ್ಚು. ಸಂಶಯವಿದ್ದರೆ ಒಂದೇ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ಬಯಲಿನಲ್ಲಿ, ಪಕ್ಕದಲ್ಲಿ ನೀರಿಟ್ಟುಕೊಂಡು ಸುಟ್ಟು ನೋಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಕರಗಿದ ಈ ಬಟ್ಟೆ ಚರ್ಮಕ್ಕೆ ಅಂಟಿಕೊಳ್ಳುವುದರಿಂದ ಕೂಸಿನ ಕೌದಿಗೂ, ಒಲೆಯ ಹತ್ತಿರ ಮಲಗುವವರ ಕೌದಿಗೂ ಅದನ್ನು ಬಳಸಬೇಡಿ. ಎಲ್ಲ ಬಟ್ಟೆಗಳನ್ನೂ ಗಂಜಿ ಹೋಗುವಂತೆ ಒಗೆದು ಒಣಗಿಸಿ. ಗುಂಡಿ, ಹುಕ್ಕು, ಪಿನ್ನುಗಳನ್ನು ಮೊದಲೇ ಕಿತ್ತು ಒಂದು ಡಬ್ಬಿಗೆ ಹಾಕಿ.

ಯಾವ ಅಂಗಡಿಯಲ್ಲಿ ಏನು ಸಿಗುತ್ತದೆ?

ಟೇಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸೂಜಿ, ದಾರ, ಅಂಗುಸ್ತಾನ, ಟೇಪು, ಸೀಮೆಸುಣ್ಣ ಇರುತ್ತವೆ. ಕಸೂತಿ ದಾರದ ಅಂಗಡಿಯಲ್ಲಿ ಉದ್ದ ಕಣ್ಣಿನ ಸೂಜಿ ಮತ್ತು ಹುರಿ ದಾರ ಕೇಳಬಹುದು. ಹೊಲಿಗೆ ಯಂತ್ರ ಮಾರುವವರಲ್ಲಿ ಕತ್ತರಿ ಸಿಗುತ್ತದೆ, ಸಾಣೆ ಹಿಡಿಯುವವರ ವಿಳಾಸವೂ ಸಿಗುತ್ತದೆ. ಅಡಿ ಹಾಸಿಗೆ ಗಟ್ಟಿ ಹತ್ತಿ ಬಟ್ಟೆ ಬೇಕಾದರೆ ಖಾದಿ ಭಂಡಾರ ನೋಡಿ. ತಾಲ್ಲೂಕು ಪೇಟೆಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಯ ಜವಳಿ ಸಾಲು, ದುರ್ಗದಬೈಲು, ಬೆಳಗಾವಿಯ ಖಡೇ ಬಜಾರದಂಥ ದೊಡ್ಡ ಪೇಟೆಗಳಲ್ಲಿ ವಿಚಾರಿಸಬಹುದು. ಮೊಬೈಲಿನಲ್ಲಿ ತರಿಸುವವರೂ ಇದ್ದಾರೆ. ಆದರೆ ಚಿತ್ರ ನೋಡಿ ಸೂಜಿಯ ದಪ್ಪ ತಿಳಿಯುವುದಿಲ್ಲ. ನಂಬರ್ ಓದಿ, ವಾಪಸು ಪಡೆಯುತ್ತಾರೆಯೇ ಎಂದು ನೋಡಿಯೇ ಹಣ ಕೊಡಿ.

ಅಂಗಡಿಗೆ ಹೋಗುವಾಗ ಬರಿಗೈಲಿ ಹೋಗಬೇಡಿ. ನಿಮಗೆ ಒಗ್ಗಿದ ಹಳೆಯ ಸೂಜಿಯೊಂದು, ಒಂದು ಗೇಣು ದಾರ, ಕೌದಿಯ ಪದರಗಳನ್ನು ಸೇರಿಸಿ ಹೊಲಿದ ಅಂಗೈಯಗಲದ ತುಂಡು, ಈ ಮೂರನ್ನು ಒಯ್ಯಿರಿ. ಬಾಯಲ್ಲಿ ಹೇಳಿ ತಿಳಿಸಲಾಗದ್ದನ್ನು ಈ ತುಂಡು ತಿಳಿಸುತ್ತದೆ.

ಒಬ್ಬರೇ ಕೇಳುವುದಕ್ಕಿಂತ ಹತ್ತು ಜನ ಕೇಳಿದರೆ

‘ಆ ಸೂಜಿ ಈಗ ಬರುವುದಿಲ್ಲ’ ಎಂಬ ಉತ್ತರ ನಮಗೆ ಹಲವು ಸಲ ಸಿಗುತ್ತದೆ. ಅಂಗಡಿಯವರ ಲೆಕ್ಕವನ್ನೂ ಸ್ವಲ್ಪ ತಿಳಿದುಕೊಳ್ಳೋಣ. ಅವರು ಸಗಟು ವ್ಯಾಪಾರಿಯಿಂದ ಪೆಟ್ಟಿಗೆಗಟ್ಟಲೆ ತರಬೇಕು. ವರ್ಷಕ್ಕೆ ಇಬ್ಬರು ಬಂದು ಒಂದೊಂದು ಸೂಜಿ ಕೇಳಿದರೆ ಉಳಿದ ಪೆಟ್ಟಿಗೆ ತುಕ್ಕು ಹಿಡಿಯುತ್ತದೆ, ಹಾಕಿದ ಹಣ ಅಲ್ಲೇ ಕೂರುತ್ತದೆ. ಮಾರಾಟವಾಗುವ ಖಾತ್ರಿ ಇದ್ದರೆ ಅವರೇ ತರಿಸುತ್ತಾರೆ.

ಆ ಖಾತ್ರಿಯನ್ನು ಕೊಡುವುದು ಹಾಲಿನ ಸಂಘದ ಸದಸ್ಯರಿಗೆ ಕಷ್ಟವಲ್ಲ. ಒಬ್ಬರ ಮನೆಯ ಎರಡು ಲೀಟರ್ ಹಾಲಿಗೆ ಪೇಟೆಯಲ್ಲಿ ಬೆಲೆ ಕಟ್ಟುವವರಿಲ್ಲದಾಗ ಊರಿನ ಹಾಲನ್ನೆಲ್ಲ ಕೂಡಿಸಿ ಬೆಲೆ ಪಡೆದವರು ನಾವು. ಸೂಜಿಗೂ ಅದೇ ದಾರಿ. ಬೇಸಿಗೆಯಲ್ಲಿ ಕೌದಿ ಕೆಲಸ ಶುರುವಾಗುವ ಒಂದು ತಿಂಗಳು ಮೊದಲು ಹೊಲಿಯುವವರೆಲ್ಲ ಕೂಡಿ ಒಂದು ಪಟ್ಟಿ ಮಾಡಿ: ಯಾವ ನಂಬರಿನ ಸೂಜಿ ಎಷ್ಟು, ದಾರ ಎಷ್ಟು ಮೀಟರ್, ಅಂಗುಸ್ತಾನ ಎಷ್ಟು. ಹಾಲಿನ ಬಟವಾಡೆಯ ಹಣ ಬಂದಾಗ ತಲಾ ಸ್ವಲ್ಪ ಕೂಡಿಸಿ. ಇಬ್ಬರು ಹೋಗಿ ಒಂದೇ ಅಂಗಡಿಯಲ್ಲಿ ಪಟ್ಟಿ ಕೊಟ್ಟು ಮಾತಾಡಿ, ಮುಂಗಡ ಕೊಟ್ಟರೆ ರಸೀದಿ ಪಡೆಯಿರಿ. ಸಗಟು ದರ, ಬಾಗಿದ ಸೂಜಿ ಬದಲಿಸಿ ಕೊಡುವುದು, ಚಿಂದಿ ಎತ್ತಿಡುವುದು, ಈ ಮೂರನ್ನೂ ಆಗಲೇ ಕೇಳಿ. ಕೂಲಿಗೆ ಹೊಲಿಯುವವರು ದಾರದ ಖರ್ಚು ಮತ್ತು ಹೊಲಿದ ತಾಸುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಲೆಕ್ಕ ಕೈಯಲ್ಲಿದ್ದರೆ ಕೂಲಿ ಕೇಳಲು ಹಿಂಜರಿಕೆ ಇರುವುದಿಲ್ಲ.

ಸೂಜಿಯ ಎಣಿಕೆ: ದನದ ಜೀವದ ಪ್ರಶ್ನೆ

ಹೈನುಗಾರರ ಮನೆಯಲ್ಲಿ ಕೌದಿ ಹೊಲಿಯುವವರು ಕಡ್ಡಾಯವಾಗಿ ಪಾಲಿಸಬೇಕಾದ ನಿಯಮವೊಂದಿದೆ. ಹೊಲಿಯಲು ಕೂರುವಾಗ ಸೂಜಿ ಎಷ್ಟು, ಏಳುವಾಗ ಎಷ್ಟು ಎಂದು ಎಣಿಸಬೇಕು.

ಆಕಳು-ಎಮ್ಮೆಗಳು ಮೇವನ್ನು ಪೂರ್ತಿ ಅಗಿಯದೆ ಮೊದಲು ನುಂಗುತ್ತವೆ, ಆಮೇಲೆ ಮೆಲುಕು ಹಾಕುತ್ತವೆ. ಕಣಿಕೆಯಲ್ಲಿ ಬಿದ್ದ ಸೂಜಿಯೂ ಜತೆಗೆ ಒಳಗೆ ಹೋಗುತ್ತದೆ. ಅದು ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಎರಡನೆಯದಾದ, ಜೇನುಗೂಡಿನಂಥ ಒಳಮೈ ಇರುವ ಭಾಗದಲ್ಲಿ ನಿಲ್ಲುತ್ತದೆ. ಈ ಭಾಗಕ್ಕೂ ಹೃದಯಕ್ಕೂ ನಡುವೆ ತೆಳುವಾದ ವಪೆ ಮಾತ್ರ ಅಡ್ಡ. ಹೊಟ್ಟೆ ಸಂಕುಚಿಸಿದಂತೆ ಸೂಜಿ ಗೋಡೆಯನ್ನು ಚುಚ್ಚಿ ಮುಂದೆ ಸರಿದು ಹೃದಯದ ಚೀಲವನ್ನೇ ತಲುಪಬಹುದು. ಗಬ್ಬದ ಕೊನೆಯ ತಿಂಗಳುಗಳಲ್ಲಿ ಗರ್ಭದ ಒತ್ತಡದಿಂದ ಈ ಅಪಾಯ ಹೆಚ್ಚು.

ಹಾಲು ಒಮ್ಮೆಲೇ ಇಳಿಯುವುದು, ಮೇವು ಬಿಡುವುದು, ಬೆನ್ನು ಬಾಗಿಸಿ ಮುಂಗಾಲಿನ ಮೊಣಕೈ ಅಗಲಿಸಿ ನಿಲ್ಲುವುದು, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುವುದು, ಎದ್ದು-ಮಲಗುವಾಗ ನರಳುವುದು ಇದರ ಲಕ್ಷಣಗಳು. ಕತ್ತಿನ ರಕ್ತನಾಳ ಉಬ್ಬಿ, ಗಂಟಲ ಕೆಳಗೆ, ಎದೆಯ ಮುಂದೆ ಬಾವು ಬಂದಿತೆಂದರೆ ಕಾಯಿಲೆ ಬಹಳ ಮುಂದುವರಿದಿದೆ. ಮೊದಲ ಲಕ್ಷಣ ಕಂಡಾಗಲೇ ಪಶುವೈದ್ಯರನ್ನು ಕರೆಸಿ, ಮನೆಯಲ್ಲಿ ಸೂಜಿ ಕಳೆದಿದ್ದರೆ ಅದನ್ನು ತಪ್ಪದೆ ತಿಳಿಸಿ. ಬೇಗ ತಿಳಿದರೆ ಶಸ್ತ್ರಚಿಕಿತ್ಸೆಯಿಂದ ಉಳಿಸುವ ಅವಕಾಶವಿದೆ.

ಆದ್ದರಿಂದ ಕೊಟ್ಟಿಗೆಯಲ್ಲಿ, ಮೇವಿನ ಬಣವೆಯ ಬಳಿ, ಗೋದಲಿಯ ಪಕ್ಕದಲ್ಲಿ ಕುಳಿತು ಹೊಲಿಯಬೇಡಿ. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಮೇವು ಹಾಕಲು ಹೋಗಬೇಡಿ. ದಾರವಿಲ್ಲದ ಸೂಜಿಯನ್ನು ಎಲ್ಲೂ ಇಡಬೇಡಿ, ಬಣ್ಣದ ದಾರದ ಬಾಲವಿದ್ದರೆ ಬಿದ್ದದ್ದು ಕಣ್ಣಿಗೆ ಬೀಳುತ್ತದೆ. ಮುರಿದ ಸೂಜಿಯ ಎರಡೂ ತುಂಡುಗಳನ್ನು ಡಬ್ಬಿಗೆ ಹಾಕಿ, ಕಸದ ಜತೆ ತಿಪ್ಪೆಗೆ ಎಸೆಯಬೇಡಿ. ಅಂಗಡಿಯಲ್ಲಿ ಒಂದು ಚಿಕ್ಕ ಅಯಸ್ಕಾಂತವನ್ನೂ ಕೊಂಡುಕೊಳ್ಳಿ. ಎಣಿಕೆ ತಪ್ಪಿದರೆ ಹೊಲಿದ ಜಾಗದ ನೆಲದ ಮೇಲೂ ಕೌದಿಯ ಮೇಲೂ ಅದನ್ನು ಆಡಿಸಿ. ಸೂಜಿ ಸಿಗುವವರೆಗೆ ಆ ಜಾಗದ ಮೇವನ್ನು ದನಕ್ಕೆ ಹಾಕಬೇಡಿ.

ಮುಂದಿನ ಬಟವಾಡೆಯ ದಿನ ಸಂಘದ ಕಟ್ಟೆಯ ಮೇಲೆ ಸೇರಿದಾಗ ಒಂದು ಕಾಗದ ತೆಗೆದುಕೊಂಡು ಹೆಸರು ಬರೆಯಲು ಆರಂಭಿಸಿ. ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ಹಾಲಿನಲ್ಲಿ ಕಂಡಿದ್ದೇವೆ, ಸೂಜಿ-ದಾರದಲ್ಲೂ ಕಾಣೋಣ.