ನಾಲ್ಕು ನಿಮಿಷದ ಹಾಡಿಗೆ ರಟ್ಟಿನ ಹೊದಿಕೆ

ಇಂಗ್ಲೆಂಡಿನ ಎ-ಲೆವೆಲ್ ಹೆಚ್ಚುಕಡಿಮೆ ನಮ್ಮ ಪಿಯುಸಿ ವಯಸ್ಸಿನವರ ಎರಡು ವರ್ಷದ ಓದು. ಅಲ್ಲಿ ಭೌತಶಾಸ್ತ್ರ, ಇತಿಹಾಸಗಳ ಜೊತೆಗೆ ಮೀಡಿಯಾ ಸ್ಟಡೀಸ್ ತೆಗೆದುಕೊಂಡವರು ಪರೀಕ್ಷೆಗೆಂದೇ ಮ್ಯೂಸಿಕ್ ವಿಡಿಯೊ ಮಾಡುವುದುಂಟು. ಗೆಳೆಯನನ್ನೇ ಗಾಯಕನನ್ನಾಗಿ ನಿಲ್ಲಿಸಿ, ಬೇರೆ ಯಾರದೋ ಹಾಡಿಗೆ ತುಟಿ ಆಡಿಸಲು ಹೇಳಿ, ಊರಾಚೆಯ ಬಯಲಲ್ಲಿ ಚಿತ್ರೀಕರಿಸಿ, ವಾರಗಟ್ಟಲೆ ಎಡಿಟಿಂಗ್‌ನಲ್ಲಿ ಮುಳುಗುತ್ತಾರೆ. ಕೆಲವು ವರ್ಷಗಳ ಹಿಂದೆ ಅಷ್ಟೆಲ್ಲ ಆದರೂ ಕೆಲಸ ಮುಗಿಯುತ್ತಿರಲಿಲ್ಲ. ಡಿಜಿಪ್ಯಾಕ್ ಬಾಕಿ ಇರುತ್ತಿತ್ತು.

ಡಿಜಿಪ್ಯಾಕ್ ಅಂದರೆ ಸಿಡಿ ಇಡುವ ರಟ್ಟಿನ ಮಡಿಕೆ. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಜೊತೆಗೆ ಬಂದದ್ದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಕೈಜಾರಿ ಬಿದ್ದರೆ ಅದರ ಮುಚ್ಚಳದ ಕೀಲು ಮೊದಲು ಮುರಿಯುತ್ತಿತ್ತು. ಅದೇ ದಶಕದಲ್ಲಿ ಅಮೆರಿಕದ ಎಜಿಐ ಎಂಬ ಕಂಪನಿ ದಪ್ಪ ಕಾಗದದ ಹೊದಿಕೆ ಮಾಡಿ, ಅದರೊಳಗೆ ಪ್ಲಾಸ್ಟಿಕ್ ತಟ್ಟೆಯೊಂದನ್ನು ಅಂಟಿಸಿ ಮಾರತೊಡಗಿತು. ಪುಸ್ತಕದಂತೆ ಬಿಚ್ಚಿಕೊಳ್ಳುವ ಈ ಹೊದಿಕೆಯ ಒಳಗೂ ಹೊರಗೂ ಮುದ್ರಿಸಬಹುದು. ಮೂಲೆಗಳು ಬೇಗ ಸವೆಯುತ್ತವೆ. ತಟ್ಟೆಯ ಹಲ್ಲು ಮುರಿದರೆ ಬದಲಿಸಲು ಆಗುವುದಿಲ್ಲ. ಹಾಗಿದ್ದರೂ ಡಿಸೈನರುಗಳಿಗೆ ಅದು ಇಷ್ಟವಾಯಿತು. ಚಿತ್ರ ಬಿಡಿಸಲು ನಾಲ್ಕೋ ಆರೋ ಮುಖಗಳು ಸಿಕ್ಕರೆ ಯಾರಿಗೆ ಬೇಡ?

2010ರ ದಶಕದ ಬಹುಪಾಲು ಓಸಿಆರ್ ಎಂಬ ಪರೀಕ್ಷಾ ಮಂಡಳಿ ಎರಡನೇ ವರ್ಷದವರ ಮುಂದಿಡುತ್ತಿದ್ದ ಆಯ್ಕೆಗಳಲ್ಲಿ ಒಂದು ಹೀಗಿತ್ತು: ಆಲ್ಬಂ ಬಿಡುಗಡೆಗೆ ಮ್ಯೂಸಿಕ್ ವಿಡಿಯೊ ಮಾಡಿ, ಜೊತೆಗೆ ವೆಬ್‌ಸೈಟಿನ ಮುಖಪುಟ, ಡಿಜಿಪ್ಯಾಕ್ ಹೊದಿಕೆ, ಪತ್ರಿಕಾ ಜಾಹೀರಾತು ಈ ಮೂರರಲ್ಲಿ ಎರಡನ್ನು ತಯಾರಿಸಿ. ಒಟ್ಟು 100 ಅಂಕಗಳಲ್ಲಿ ವಿಡಿಯೊಗೆ 40, ಉಪಕೃತಿಗಳಿಗೆ ತಲಾ 10, ಉಳಿದದ್ದು ಪೂರ್ವಸಿದ್ಧತೆಗೆ ಮತ್ತು ಆತ್ಮವಿಮರ್ಶೆಗೆ. ಹತ್ತೇ ಅಂಕ ತಾನೆ ಎಂದು ಹೊದಿಕೆಯನ್ನು ಕೊನೆಯ ರಾತ್ರಿಗೆ ಬಿಟ್ಟವರು ಸಿಕ್ಕಿಬೀಳುತ್ತಿದ್ದುದು ಆತ್ಮವಿಮರ್ಶೆಯಲ್ಲಿ. ಮುಖ್ಯ ಕೃತಿ ಮತ್ತು ಉಪಕೃತಿಗಳು ಒಟ್ಟಾಗಿ ಎಷ್ಟು ಪರಿಣಾಮಕಾರಿ ಎಂಬುದು ಅಲ್ಲಿ ಉತ್ತರಿಸಲೇಬೇಕಾದ ನಾಲ್ಕು ಪ್ರಶ್ನೆಗಳಲ್ಲಿ ಒಂದು.

ನೋಡಿದರೆ, ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ್ದು ಈ ಹತ್ತು ಅಂಕದ ರಟ್ಟೇ. ವಿಡಿಯೊದಲ್ಲಿ ತಪ್ಪಿಸಿಕೊಳ್ಳಲು ದಾರಿಗಳಿವೆ: ಒಂದು ಶಾಟ್ ಪೇಲವವಾದರೆ ಎರಡು ಸೆಕೆಂಡಿಗೆ ಕತ್ತರಿಸಬಹುದು, ತಾಳ ಎತ್ತಿಕೊಂಡು ಹೋಗುತ್ತದೆ. ಹೊದಿಕೆಯ ಮೇಲೆ ತಾಳವಿಲ್ಲ, ಚಲನೆಯೂ ಇಲ್ಲ. ಈ ಗಾಯಕ ಯಾರು, ಯಾವ ಬಗೆಯ ಸಂಗೀತದವನು, ಅವನ ಹಾಡು ಯಾರಿಗೆ ಎಂಬುದನ್ನು ಒಂದೇ ಚಿತ್ರ ಹೇಳಬೇಕು. ಅದು ತೋಚದಿದ್ದರೆ ವಿಡಿಯೊ ಮಾಡುವಾಗಲೂ ತೋಚಿರಲಿಲ್ಲ ಎಂದೇ ಲೆಕ್ಕ. ಈ ತರಗತಿಗಳಲ್ಲಿ ತಪ್ಪದೆ ಓದಿಸುವ ಆಂಡ್ರ್ಯೂ ಗುಡ್ವಿನ್ 1992ರ ತಮ್ಮ ಪುಸ್ತಕದಲ್ಲಿ ಮ್ಯೂಸಿಕ್ ವಿಡಿಯೊಗಳನ್ನು ಕಲಾವಿದನ ತಾರಾವರ್ಚಸ್ಸಿನ ಜೊತೆಗಿಟ್ಟು ನೋಡುತ್ತಾರೆ. ಒಂದು ವಿಡಿಯೊದಿಂದ ಇನ್ನೊಂದಕ್ಕೆ ಮರಳಿ ಬರುವ ಟೋಪಿಯೋ ಬಣ್ಣವೋ ನಿಲುವೋ ಆ ವರ್ಚಸ್ಸನ್ನು ಕಟ್ಟುತ್ತದೆ. ಹೊದಿಕೆಗೂ ಬೇಕಾದದ್ದು ಅದೇ.

ಸಂಗೀತಕ್ಕೆ ಹೊದಿಕೆಯ ಚಿತ್ರ ಮೊದಲಿನಿಂದಲೂ ಇತ್ತೆಂದು ಭಾವಿಸುವಂತಿಲ್ಲ. 78 ಆರ್‌ಪಿಎಂ ತಟ್ಟೆಗಳ ಕಾಲದಲ್ಲಿ ಬಹುತೇಕ ಸಂಪುಟಗಳು ಕಂದು, ಬೂದು ಬಣ್ಣದ ರಟ್ಟಿನಲ್ಲಿ ಬರುತ್ತಿದ್ದವು, ಮೇಲೆ ಹೆಸರಷ್ಟೇ. 1939ರಲ್ಲಿ ನ್ಯೂಯಾರ್ಕಿನ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಇಪ್ಪತ್ತೆರಡರ ತರುಣ ಕೊಲಂಬಿಯಾ ರೆಕಾರ್ಡ್ಸ್ ಸೇರಿದ. ಮರುವರ್ಷ ರಾಡ್ಜರ್ಸ್ ಮತ್ತು ಹಾರ್ಟ್ ಜೋಡಿಯ ಹಾಡುಗಳ ಸಂಪುಟಕ್ಕಾಗಿ ನ್ಯೂಯಾರ್ಕಿನ ನಾಟಕ ಮಂದಿರವೊಂದರ ದೀಪದ ಫಲಕದಲ್ಲಿ ಅಕ್ಷರಗಳನ್ನು ಬದಲಿಸಿ, ಸಂಪುಟದ ಹೆಸರನ್ನೇ ಬೆಳಗಿಸಿ ಫೋಟೊ ತೆಗೆಸಿದ. ಅಂಗಡಿಯಲ್ಲಿ ಬೆನ್ನು ತೋರಿಸಿ ನಿಲ್ಲುತ್ತಿದ್ದ ತಟ್ಟೆಗಳು ಆಮೇಲೆ ಮುಖ ತೋರಿಸತೊಡಗಿದವು.

ವಿದ್ಯಾರ್ಥಿಗಳ ಮುಂದೆ ಸಾಮಾನ್ಯವಾಗಿ ಇಡುವ ಮಾದರಿಗಳಲ್ಲಿ ಬೀಟಲ್ಸ್ ತಂಡದ ಸಾರ್ಜೆಂಟ್ ಪೆಪ್ಪರ್ ಇದ್ದೇ ಇರುತ್ತದೆ. 1967ರ ಆ ಹೊದಿಕೆಯನ್ನು ಪೀಟರ್ ಬ್ಲೇಕ್ ಮತ್ತು ಜ್ಯಾನ್ ಹಾವರ್ತ್ ದಂಪತಿ ಮಾಡಿದ್ದು. ಹಿಂಬದಿಯಲ್ಲಿ ಹಾಡುಗಳ ಪೂರ್ತಿ ಸಾಹಿತ್ಯ, ಒಳಗೆ ಕತ್ತರಿಸಿಕೊಳ್ಳಲು ಮೀಸೆ, ಬಿಲ್ಲೆಗಳ ಹಾಳೆ. ಮುಂಬದಿಯ ಜನಸಂದಣಿಯಲ್ಲಿ ಪರಮಹಂಸ ಯೋಗಾನಂದ, ಲಾಹಿರಿ ಮಹಾಶಯರಂಥ ಭಾರತೀಯ ಗುರುಗಳೂ ಇದ್ದಾರೆ. ಅವರನ್ನು ಸೂಚಿಸಿದ್ದು ಜಾರ್ಜ್ ಹ್ಯಾರಿಸನ್. ಗಾಂಧೀಜಿಯ ಆಕೃತಿಯನ್ನೂ ನಿಲ್ಲಿಸಿದ್ದರು. ಭಾರತದಲ್ಲಿ ಗಲಾಟೆಯಾದೀತು, ತಟ್ಟೆ ಮಾರಾಟಕ್ಕೆ ಕುತ್ತು ಬಂದೀತು ಎಂದು ಇಎಂಐ ಕಂಪನಿ ಹೆದರಿದ್ದರಿಂದ ಅದನ್ನು ಅಳಿಸಲಾಯಿತು. ಹೊದಿಕೆ ಎಂಬುದು ಕಲೆಯಷ್ಟೇ ವ್ಯಾಪಾರವೂ ಹೌದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗಲಿಕ್ಕಿಲ್ಲ.

ಒಳ-ಹೊರಗನ್ನು ಹೊಂದಿಸುವುದನ್ನು ಕಲಿಯಬೇಕಾದರೆ ಪಿಂಕ್ ಫ್ಲಾಯ್ಡ್ ತಂಡದ ಡಾರ್ಕ್ ಸೈಡ್ ಆಫ್ ದಿ ಮೂನ್ ನೋಡಬೇಕು. 1973ರಲ್ಲಿ ಹಿಪ್ನೋಸಿಸ್ ಸಂಸ್ಥೆ ರೂಪಿಸಿದ ಆ ಮುಖಪುಟದಲ್ಲಿ ತಂಡದ ಹೆಸರೇ ಇಲ್ಲ. ಕಪ್ಪು ಹಿನ್ನೆಲೆ, ಒಂದು ಪಟ್ಟಕ, ಒಡೆದ ಬೆಳಕು, ಅಷ್ಟೇ. ಬಿಚ್ಚಿದರೆ ಅದೇ ಬಣ್ಣಗಳ ಗೆರೆ ಒಳಪುಟದುದ್ದಕ್ಕೂ ಓಡುತ್ತದೆ, ನಡುವೆ ಎದೆಬಡಿತದ ರೇಖೆಯಾಗಿ ಮೇಲೇಳುತ್ತದೆ. ಆಲ್ಬಂ ಶುರುವಾಗುವುದೂ ಮುಗಿಯುವುದೂ ಎದೆಬಡಿತದ ಸದ್ದಿನಿಂದಲೇ.

ವಿಡಿಯೊಗೂ ಹೊದಿಕೆಗೂ ನೇರ ನಂಟಿರುವ ಈಚಿನ ಮಾದರಿ ಬಿಯಾನ್ಸೆಯ ಲೆಮನೇಡ್. 2016ರಲ್ಲಿ ಬಂದ ಆ ಆಲ್ಬಂಗೆ ಸುಮಾರು ಒಂದು ಗಂಟೆಯ ಚಿತ್ರವೇ ಜೋಡಿ. ಅಂಗಡಿಗೆ ಬಂದದ್ದೂ ಸಿಡಿ-ಡಿವಿಡಿ ಜೊತೆಯಾಗಿ. ಮುಖಪುಟದಲ್ಲಿ ಕಾರಿಗೊರಗಿ ನಿಂತ, ತುಪ್ಪಳದ ಕೋಟಿನ ತೋಳಿನಲ್ಲಿ ಮುಖ ಮರೆಸಿಕೊಂಡ ಗಾಯಕಿ. ಆ ಕೋಟು, ಆ ಬಿಗಿ ಜಡೆಗಳು ಚಿತ್ರ ನೋಡಿದವರಿಗೆ ಗುರುತು ಸಿಗುತ್ತವೆ. ನೋಡದವರಿಗೆ, ಜಗತ್ತಿಗೆಲ್ಲ ಗೊತ್ತಿರುವ ಮುಖವನ್ನು ಈಕೆ ಯಾಕೆ ಮುಚ್ಚಿಕೊಂಡಳು ಎಂಬ ಕುತೂಹಲ.

ಇದನ್ನು ಕಂಡ ವಿದ್ಯಾರ್ಥಿ ತಕ್ಷಣ ಮಾಡುವುದು ತನ್ನ ವಿಡಿಯೊದ ಒಂದು ಫ್ರೇಮನ್ನು ಎತ್ತಿ ಮುಖಪುಟಕ್ಕೆ ಹಾಕುವುದು. ಲೆಕ್ಕ ಅಲ್ಲೇ ಕೈಕೊಡುತ್ತದೆ. ಫುಲ್ ಎಚ್‌ಡಿ ಫ್ರೇಮಿನ ಎತ್ತರ 1080 ಪಿಕ್ಸೆಲ್. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕೆಂಬುದು ರೂಢಿ. ಅಂದರೆ ಆ ಫ್ರೇಮು ಚೊಕ್ಕಟವಾಗಿ ಅಚ್ಚಾಗುವುದು 9 ಸೆಂಟಿಮೀಟರ್ ಚಿಲ್ಲರೆಯವರೆಗೆ ಮಾತ್ರ. ಸಿಡಿ ತಟ್ಟೆಯೇ 12 ಸೆಂಟಿಮೀಟರ್ ಅಗಲ, ಹೊದಿಕೆ ಅದಕ್ಕಿಂತ ದೊಡ್ಡದು. ಹಿಗ್ಗಿಸಿದರೆ ಅಂಚುಗಳು ಮಸುಕಾಗುತ್ತವೆ. ಸಾಲದ್ದಕ್ಕೆ, ಸೆಕೆಂಡಿಗೆ 25 ಫ್ರೇಮಿನ ಚಿತ್ರೀಕರಣದಲ್ಲಿ ಪ್ರತಿ ಫ್ರೇಮಿಗೆ ಸಾಮಾನ್ಯವಾಗಿ ಐವತ್ತನೇ ಒಂದು ಸೆಕೆಂಡು ಬೆಳಕು ಬೀಳುತ್ತದೆ. ಓಡುವ ಕೈ, ಹಾರುವ ಕೂದಲು ಆ ಅವಧಿಯಲ್ಲೇ ಕಲಸಿಹೋಗಿರುತ್ತವೆ. ಪರದೆಯ ಮೇಲೆ ಅದೇ ಚೆಂದ, ಕಾಗದದ ಮೇಲೆ ಕೊಳೆ. ಅದಕ್ಕೇ ಚಿತ್ರೀಕರಣದ ದಿನವೇ, ಅದೇ ಬಟ್ಟೆ ಅದೇ ಬೆಳಕಿನಲ್ಲಿ, ಸ್ಟಿಲ್ ಕ್ಯಾಮೆರಾ ಹಿಡಿದು ಬೇರೆಯಾಗಿ ಫೋಟೊ ತೆಗೆಯಬೇಕು. ನಿಜವಾದ ಕಂಪನಿಗಳು ಮಾಡುವುದೂ ಹಾಗೆಯೇ.

ಮುಂದಿನ ಎಡವಟ್ಟು ಮಡಿಕೆಯದು. ನಾಲ್ಕು ಮುಖದ ಡಿಜಿಪ್ಯಾಕನ್ನು ಬಿಚ್ಚಿ ಹೊರಮೈ ಮೇಲೆ ಮಾಡಿ ಹಾಸಿದರೆ ಎಡಕ್ಕೆ ಬೆನ್ನಪುಟ, ಬಲಕ್ಕೆ ಮುಖಪುಟ, ನಡುವೆ ಕಿರಿದಾದ ಬೆನ್ನುಪಟ್ಟಿ. ಕಂಪ್ಯೂಟರಿನಲ್ಲಿ ಎಡದಿಂದ ಶುರುಮಾಡುವವರು ಮುಖಪುಟವನ್ನು ಎಡಕ್ಕಿಟ್ಟು, ಮಡಚಿದಾಗ ಹಾಡುಗಳ ಪಟ್ಟಿ ಮುಂದೆ ಬಂದದ್ದನ್ನು ಕಂಡು ಕಕ್ಕಾಬಿಕ್ಕಿಯಾಗುತ್ತಾರೆ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಮಡಚಿ, ಪ್ರತಿ ಮುಖಕ್ಕೂ ಹೆಸರು ಬರೆದುಕೊಂಡು ಕೂತರೆ ಐದು ನಿಮಿಷದ ಕೆಲಸ. ಕತ್ತರಿ ಸ್ವಲ್ಪ ಜಾರಿದರೂ ಬಿಳಿ ಅಂಚು ಕಾಣದಿರಲು ಚಿತ್ರವನ್ನು ಸುತ್ತಲೂ 3 ಮಿಲಿಮೀಟರ್ ಹೆಚ್ಚಿಗೆ ಹರಿಯಬಿಡಬೇಕು. ಸಿಡಿಯ ನಡುವೆ 15 ಮಿಲಿಮೀಟರಿನ ತೂತು ಬೇರೆ ಇದೆ. ಗಾಯಕನ ಮುಖವನ್ನು ಸರಿಯಾಗಿ ಮಧ್ಯಕ್ಕೆ ಕೂರಿಸಿದವರು ಅವನ ಮೂಗು ಕಳೆದುಕೊಳ್ಳುತ್ತಾರೆ.

ಬಾರ್‌ಕೋಡ್, ಕಂಪನಿಯ ಲಾಂಛನ, ಹಕ್ಕುಸ್ವಾಮ್ಯದ ಸಣ್ಣಕ್ಷರದ ಸಾಲು ಇಲ್ಲದಿದ್ದರೆ ಎಷ್ಟು ಚೆಂದದ ಹೊದಿಕೆಯೂ ಶಾಲೆಯ ಭಿತ್ತಿಪತ್ರದಂತೆ ಕಾಣುತ್ತದೆ. ಕಂಪನಿಯ ಹೆಸರನ್ನು ವಿದ್ಯಾರ್ಥಿಗಳೇ ಹುಟ್ಟಿಸಿಕೊಳ್ಳುತ್ತಾರೆ, ಹಾಡು ಮಾತ್ರ ಅವರದಲ್ಲ; ಅದಕ್ಕೆ ಕಲಾವಿದರ ಅನುಮತಿ ಕೇಳಿ ಪತ್ರ ಬರೆಯುವುದೂ ಕಲಿಕೆಯ ಭಾಗ. ಅತಿ ಉತ್ಸಾಹಿಗಳಿಗೆ ನ್ಯೂ ಆರ್ಡರ್ ತಂಡದ ಬ್ಲೂ ಮಂಡೇ ಕತೆ ಹೇಳಬೇಕು. 1983ರಲ್ಲಿ ಪೀಟರ್ ಸ್ಯಾವಿಲ್ ಅದರ ಹೊದಿಕೆಯನ್ನು ಫ್ಲಾಪಿ ಡಿಸ್ಕಿನ ಆಕಾರದಲ್ಲಿ, ತೂತು ಕೊರೆಸಿ ಮಾಡಿದ್ದ. ತಟ್ಟೆ ಭರ್ಜರಿಯಾಗಿ ಮಾರಿತು. ಹೊದಿಕೆಯ ಖರ್ಚಿನಿಂದ ಕಂಪನಿಗೆ ಪ್ರತಿಯೊಂದರ ಮೇಲೂ ನಷ್ಟವಾಯಿತೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಇಷ್ಟರಲ್ಲಿ ಕಾಲವೂ ಬದಲಾಯಿತು. ವಿದ್ಯಾರ್ಥಿಗಳು ಜಾಹೀರಾತು ಕಲ್ಪಿಸಿಕೊಳ್ಳುತ್ತಿದ್ದ ಎನ್‌ಎಂಇ ವಾರಪತ್ರಿಕೆ 2018ರಲ್ಲಿ ಮುದ್ರಣ ನಿಲ್ಲಿಸಿತು, ಕ್ಯೂ ಮಾಸಪತ್ರಿಕೆ 2020ರಲ್ಲಿ ಮುಚ್ಚಿತು. 2017ರಲ್ಲಿ ಶುರುವಾದ ಓಸಿಆರ್‌ನ ಹೊಸ ಪಠ್ಯಕ್ರಮ ವಿಡಿಯೊಗೆ ವೆಬ್‌ಸೈಟನ್ನು ಜೋಡಿ ಮಾಡಿ ಡಿಜಿಪ್ಯಾಕನ್ನು ಕೈಬಿಟ್ಟಿತು. ಕೇಂಬ್ರಿಜ್ ಇಂಟರ್‌ನ್ಯಾಷನಲ್ ಬಿಟ್ಟಿಲ್ಲ; ಅದರ ಎ-ಲೆವೆಲ್ ಮೀಡಿಯಾ ಸ್ಟಡೀಸ್ 2020ರ ದಶಕದಲ್ಲೂ ಮ್ಯೂಸಿಕ್ ವಿಡಿಯೊ ಜೊತೆಗೆ ಸೋಷಿಯಲ್ ಮೀಡಿಯಾ ಪುಟವನ್ನೂ ಡಿಜಿಪ್ಯಾಕನ್ನೂ ಕೇಳುತ್ತದೆ. ಆ ಮಂಡಳಿಯ ಪರೀಕ್ಷೆ ಕೊಡಿಸುವ ಶಾಲೆಗಳು ಬೆಂಗಳೂರಿನಲ್ಲೂ ಇವೆ. ಮನೆಯಲ್ಲಿ ಸಿಡಿ ಪ್ಲೇಯರನ್ನೇ ನೋಡದ ಮಕ್ಕಳಿಗೆ ಇದು ಹಳೆಯ ಕಸರತ್ತು ಎನ್ನುವವರಿದ್ದಾರೆ. ಆದರೆ 2022ರಲ್ಲಿ ಅಮೆರಿಕದಲ್ಲಿ 3.3 ಕೋಟಿ ಸಿಡಿಗಳೆದುರು 4.1 ಕೋಟಿ ವಿನೈಲ್ ತಟ್ಟೆಗಳು ಹೋದವು. 1987ರ ನಂತರ ವಿನೈಲ್ ಸಂಖ್ಯೆಯಲ್ಲಿ ಮುಂದಾದದ್ದು ಅದೇ ಮೊದಲು. ಈಗ ಒಂದೇ ಚಿತ್ರ 31 ಸೆಂಟಿಮೀಟರಿನ ಎಲ್‌ಪಿ ಹೊದಿಕೆಯಲ್ಲೂ ನಿಲ್ಲಬೇಕು, ಮೊಬೈಲಿನಲ್ಲಿ ಹೆಬ್ಬೆರಳ ಉಗುರಿನಷ್ಟಾದಾಗಲೂ ಗುರುತು ಸಿಗಬೇಕು.