ಆ ಹಾಡಿನಲ್ಲಿದ್ದ ದನಿ ಯಾರದು?

ನಿಮ್ಮ ಮೆಚ್ಚಿನ ಬ್ಯಾಂಡು ನಿಮಗೆ ಮೊದಲ ಸಲ ಸಿಕ್ಕಿದ್ದು ಎಲ್ಲಿ? ಥಟ್ಟನೆ ಹೇಳಿ!

ಹಾಸ್ಟೆಲ್ಲಿನಲ್ಲಿ ಪಕ್ಕದ ಮಂಚದ ಗೆಳೆಯ ಇಯರ್‌ಫೋನಿನ ಒಂದು ತುದಿಯನ್ನು ನಿಮ್ಮ ಕಿವಿಗೆ ತುರುಕಿದಾಗಲೇ? ರಾತ್ರಿ ಬಸ್ಸಿನಲ್ಲಿ ಮೊಬೈಲು ತಾನಾಗಿಯೇ ಯಾವುದೋ ಗೊತ್ತಿಲ್ಲದ ಹಾಡಿಗೆ ಜಾರಿದಾಗಲೇ? ಕಾಲೇಜು ಫೆಸ್ಟಿನಲ್ಲಿ ಯಾರೂ ಹೆಸರು ಕೇಳಿರದ ನಾಲ್ವರು ವೇದಿಕೆ ಹತ್ತಿದಾಗಲೇ?

ಸಂಗೀತದ ಹುಚ್ಚಿರುವ ಯಾರನ್ನಾದರೂ ಕೇಳಿ ನೋಡಿ. ಆ ಗಳಿಗೆ ಅವರಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿರುತ್ತದೆ. ಅದೂ ದೊಡ್ಡ ಕಂಪನಿಯ ಬೆನ್ನಾಸರೆ ಇಲ್ಲದ, ರೇಡಿಯೋದಲ್ಲಿ ಬಾರದ ಇಂಡೀ ಬ್ಯಾಂಡಾದರೆ ಮುಗಿದೇ ಹೋಯಿತು. ಅವರ ಮುಖ ಅರಳುತ್ತದೆ, ದನಿ ಏರುತ್ತದೆ. ‘ನನಗೆ ಸಿಕ್ಕಿದ್ದು ಹೇಗೆ ಗೊತ್ತಾ?’ ಎಂದು ಶುರುವಾದರೆ ನಿಲ್ಲಿಸುವುದು ಕಷ್ಟ.

ಅಂಥ ಕತೆಗಳನ್ನು ನಾನು ಆಸೆಪಟ್ಟು ಕೇಳಿದ್ದೇನೆ. ಆದರೆ ಈಗ ಹೇಳಹೊರಟಿರುವ ಕತೆಯ ಮುಂದೆ ಅವೆಲ್ಲ ಸಪ್ಪೆ!

2008. ಅಮೆರಿಕದಲ್ಲಿ ಮೂವರು ಅಣ್ಣತಮ್ಮಂದಿರು ಒಂದು ಹಳೆಯ ಹಾಡು ಕೇಳುತ್ತಾರೆ. ಯಾರಿಗೂ ಗೊತ್ತಿರದ ಬ್ಯಾಂಡು, ಮೂರು ದಶಕ ಹಳೆಯ ರೆಕಾರ್ಡು. ಆದರೆ ಬೆಂಕಿಯಂಥ ಹಾಡು! ಕೇಳುತ್ತಾ ಕೇಳುತ್ತಾ ಅವರಿಗೆ ಮೈ ಜುಮ್ಮೆನ್ನುತ್ತದೆ. ಹಾಡುತ್ತಿರುವ ದನಿ ಅವರಿಗೆ ಗೊತ್ತು. ಚೆನ್ನಾಗಿ ಗೊತ್ತು!

ಯಾರ ದನಿ? ಊಹಿಸಿ. ಸಿನಿಮಾ ನಟನದಲ್ಲ. ಹೆಸರಾಂತ ಗಾಯಕನದಂತೂ ಅಲ್ಲವೇ ಅಲ್ಲ.

ಗೊತ್ತಾಗಲಿಲ್ಲವೇ? ಹಾಗಾದರೆ ಬನ್ನಿ, ಡೆಟ್ರಾಯಿಟ್‌ಗೆ ಹೋಗೋಣ. ಕಾರುಗಳ ಊರು ಡೆಟ್ರಾಯಿಟ್!

1964ರ ಫೆಬ್ರವರಿ. ಬೀಟಲ್ಸ್ ಹುಡುಗರು ಎಡ್ ಸಲಿವನ್ ಶೋನಲ್ಲಿ ಮೊದಲ ಸಲ ಹಾಡಿದ ರಾತ್ರಿ. ಹ್ಯಾಕ್ನಿ ಎಂಬ ಕುಟುಂಬದ ಮನೆಯಲ್ಲಿ ತಂದೆ ತನ್ನ ಮಕ್ಕಳನ್ನು ಟಿವಿ ಮುಂದೆ ಕೂರಿಸಿದ. ನೋಡಿ ಎಂದ. ಡೇವಿಡ್, ಡ್ಯಾನಿಸ್, ಬಾಬಿ ಮೂವರೂ ಕಣ್ಣು ಮಿಟುಕಿಸದೆ ನೋಡಿದರು.

ಮರುದಿನ ಏನಾಯಿತು ಗೊತ್ತೇ? ಯಾರೋ ಎಸೆದಿದ್ದ ಒಂದು ಗಿಟಾರ್ ಡೇವಿಡ್‌ಗೆ ಸಿಕ್ಕಿತು. ಮರುದಿನವೇ! ಇದನ್ನು ಸಿನಿಮಾದಲ್ಲಿ ತೋರಿಸಿದ್ದರೆ ‘ಬಿಡ್ರೀ, ಕಟ್ಟುಕತೆ’ ಅನ್ನುತ್ತಿದ್ದೆವು.

ಡೇವಿಡ್ ಗಿಟಾರ್ ಕಲಿತ. ಡ್ಯಾನಿಸ್ ಡ್ರಮ್ಸ್ ಹಿಡಿದ. ಬಾಬಿ ಬೇಸ್ ಗಿಟಾರ್ ಹೆಗಲಿಗೇರಿಸಿ ಹಾಡಲೂ ಶುರುಮಾಡಿದ. ಮನೆಯ ಮಹಡಿಯ ಒಂದು ಕೋಣೆಯೇ ಅವರ ಅಖಾಡ. 1971ರಲ್ಲಿ ಬ್ಯಾಂಡಿಗೆ ಇಟ್ಟ ಹೆಸರು ‘ರಾಕ್ ಫೈರ್ ಫಂಕ್ ಎಕ್ಸ್‌ಪ್ರೆಸ್’.

ಇಲ್ಲೊಂದು ಮಾತು ಹೇಳಲೇಬೇಕು. ಇವರು ಕಪ್ಪು ಜನಾಂಗದ ಹುಡುಗರು. ಡೆಟ್ರಾಯಿಟ್ ಮೋಟೌನ್ ಎಂಬ ಸಂಗೀತ ಕಂಪನಿ ಹುಟ್ಟಿದ ಊರು. ಅಲ್ಲಿ ಕಪ್ಪು ಹುಡುಗರೆಂದರೆ ಸೋಲ್ ಹಾಡಬೇಕು, ಫಂಕ್ ನುಡಿಸಬೇಕು. ಅದು ಎಲ್ಲರ ನಿರೀಕ್ಷೆ. ಶುರುವಿಗೆ ಇವರೂ ಅದನ್ನೇ ನುಡಿಸಿದರು. ಆಮೇಲೆ 1973ರಲ್ಲಿ ರಾಕ್ ಗಾಯಕ ಆಲಿಸ್ ಕೂಪರ್‌ನ ಕಾರ್ಯಕ್ರಮ ನೋಡಿದರು. ಅಷ್ಟೇ! ಫಂಕ್ ಮೂಲೆ ಸೇರಿತು. ರಾಕ್ ಶುರುವಾಯಿತು. ಬರೀ ರಾಕ್ ಅಲ್ಲ, ಕಿವಿ ಗಡಚಿಕ್ಕುವ, ಓಡೋಡುತ್ತ ಬರುವ, ಇನ್ನೂ ಹೆಸರೇ ಇಲ್ಲದ ಒಂದು ಸದ್ದು!

ಅಷ್ಟರಲ್ಲಿ ತಂದೆ ಅಪಘಾತದಲ್ಲಿ ತೀರಿಕೊಂಡ. ಡೇವಿಡ್ ಒಳಗೊಳಗೇ ಬದಲಾದ. ಒಂದು ದಿನ ತಮ್ಮಂದಿರಿಗೆ ಬ್ಯಾಂಡಿನ ಹೊಸ ಹೆಸರು ಹೇಳಿದ.

ಏನು ಹೆಸರಿರಬಹುದು?

‘ಡೆತ್’!

ಹೌದು, ಸಾವು. ತಮ್ಮಂದಿರು ಬೆಚ್ಚಿದರು. ಸಾವನ್ನು ಕೆಡುಕಾಗಿ ಅಲ್ಲ, ಒಳಿತಾಗಿ ನೋಡಬೇಕು ಎಂಬುದು ಡೇವಿಡ್‌ನ ನಂಬಿಕೆ. ಅವನ ಲೆಕ್ಕದಲ್ಲಿ ಅದು ಹುಟ್ಟಿನಷ್ಟೇ ದೊಡ್ಡ ಸಂಗತಿ. ಅವನೇ ಒಂದು ಲಾಂಛನವನ್ನೂ ಬರೆದ. ಅದೊಂದು ತ್ರಿಕೋನ. ಆತ್ಮ, ಮನಸ್ಸು, ದೇಹ ಅದರ ಮೂರು ಮೂಲೆಗಳು. ಕೊನೆಗೆ ತಮ್ಮಂದಿರು ಒಪ್ಪಿದರು. ಅಣ್ಣನ ಮಾತು ಅಣ್ಣನ ಮಾತೇ!

1975. ಡೆಟ್ರಾಯಿಟ್‌ನ ಯುನೈಟೆಡ್ ಸೌಂಡ್ ಸ್ಟುಡಿಯೋ. ಮೂವರೂ ಒಳಗೆ ಹೊಕ್ಕರು. 12 ಹಾಡು ಮಾಡುವ ಯೋಜನೆ. ಹಣ ಹಾಕಿದ್ದು ಯಾರು? ಕುಟುಂಬದವರು ಹೇಳುವ ಪ್ರಕಾರ, ಕ್ಲೈವ್ ಡೇವಿಸ್! ಕೊಲಂಬಿಯಾ ರೆಕಾರ್ಡ್ಸ್‌ನ ದೊರೆಯಾಗಿದ್ದ ಮನುಷ್ಯ. ಅಮೆರಿಕದ ಸಂಗೀತ ಲೋಕದಲ್ಲಿ ಅವನು ಹೂಂ ಎಂದರೆ ಬದುಕು ಬಂಗಾರ.

ಅವನು ಹೂಂ ಎಂದ. ಒಂದೇ ಒಂದು ಷರತ್ತು. ಹೆಸರು ಬದಲಿಸಿ!

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಎದೆ ಮುಟ್ಟಿ ಹೇಳಿ. ಇಪ್ಪತ್ತರ ಆಸುಪಾಸಿನ ವಯಸ್ಸು. ಕೈಯಲ್ಲಿ ಕಾಸಿಲ್ಲ. ಎದುರಿಗೆ ಇಡೀ ದೇಶವೇ ಕಾದು ನಿಂತ ಹಾಗಿದೆ. ಬೇಕಿರುವುದು ಬೇರೆ ಒಂದು ಹೆಸರು, ಅಷ್ಟೇ.

ಡೇವಿಡ್ ಆಗದು ಎಂದ.

ಮತ್ತೆ ಕೇಳಿದರು. ಮತ್ತೆ ಆಗದು ಎಂದ. ಬಾಯಿಗೆ ಬಂದ ತುತ್ತು ಜಾರಿತು. ಹಣ ನಿಂತಿತು. 12 ಹಾಡಿನಲ್ಲಿ ಮುಗಿದದ್ದು 7 ಮಾತ್ರ.

ಹುಡುಗರು ಸುಮ್ಮನಾದರೇ? ಇಲ್ಲ! ತಾವೇ ಒಂದು ಲೇಬಲ್ ಕಟ್ಟಿದರು. ಅದಕ್ಕೆ ‘ಟ್ರೈಆಂಗಲ್’ ಎಂದು ಹೆಸರಿಟ್ಟರು, ಡೇವಿಡ್‌ನ ಅದೇ ತ್ರಿಕೋನ. 1976ರಲ್ಲಿ ಏಳು ಇಂಚಿನ ಪುಟ್ಟ ರೆಕಾರ್ಡು ಒತ್ತಿಸಿದರು. ಒಂದು ಬದಿಗೆ ‘ಪಾಲಿಟಿಶಿಯನ್ಸ್ ಇನ್ ಮೈ ಐಸ್’, ಇನ್ನೊಂದು ಬದಿಗೆ ‘ಕೀಪ್ ಆನ್ ನಾಕಿಂಗ್’.

ಎಷ್ಟು ಪ್ರತಿ ಗೊತ್ತೇ? ಒಂದು ಲಕ್ಷ? ಹತ್ತು ಸಾವಿರ?

500. ಐನೂರೇ ಐನೂರು!

ರೇಡಿಯೋದವರು ಹೆಚ್ಚು ಕಿವಿಗೊಡಲಿಲ್ಲ. ಊರೆಲ್ಲ ಡಿಸ್ಕೋ ಮಯ. ಅದರ ನಡುವೆ ‘ಡೆತ್’ ಎಂಬ ಹೆಸರಿನ ರೆಕಾರ್ಡು ಕೈಗೆತ್ತಿಕೊಳ್ಳುವವರು ಯಾರು? 1977ರ ಹೊತ್ತಿಗೆ ಬ್ಯಾಂಡು ಮುಗಿಯಿತು.

ಈಗ ಒಂದು ಕ್ಷಣ ನಿಲ್ಲಿ. ಆ ಹಾಡಿನ ಬಗ್ಗೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು.

‘ಪಾಲಿಟಿಶಿಯನ್ಸ್’ ಹೆಚ್ಚು ಕಡಿಮೆ ಆರು ನಿಮಿಷದ ಹಾಡು. ಡ್ಯಾನಿಸ್‌ನ ಡ್ರಮ್ಸ್ ನುಗ್ಗಿ ಬರುತ್ತದೆ. ಬಾಬಿಯ ಬೇಸ್ ಅದಕ್ಕೆ ಹೆಗಲು ಕೊಟ್ಟು ಓಡುತ್ತದೆ. ಡೇವಿಡ್‌ನ ಗಿಟಾರ್ ಗರಗರ ಕೊಯ್ಯುತ್ತದೆ. ಇದ್ದಕ್ಕಿದ್ದಂತೆ ವೇಗ ತಗ್ಗುತ್ತದೆ, ಮುಗಿಯಿತೇನೋ ಅಂದುಕೊಳ್ಳುತ್ತೀರಿ. ಮತ್ತೆ ನಾಗಾಲೋಟ! ಯುವಕರನ್ನು ಯುದ್ಧಕ್ಕೆ ಅಟ್ಟುವ ರಾಜಕಾರಣಿಗಳ ಮೇಲಿನ ಸಿಟ್ಟು ಅದರ ತುಂಬ. ವಿಯೆಟ್ನಾಂ ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಕಾಲ ನೋಡಿ. ಮೂವರೇ ನುಡಿಸುತ್ತಿರುವುದು ಎಂದರೆ ನಂಬುವುದಕ್ಕೇ ಆಗುವುದಿಲ್ಲ. ‘ಫ್ರೀಕಿನ್ ಔಟ್’ ಇನ್ನೂ ಮೇಲು. ಮೂರು ನಿಮಿಷದೊಳಗೆ ಎಲ್ಲ ಚಿಂದಿ!

ಕಿವಿಗೆ ಇದು ಪಂಕ್. ಅಪ್ಪಟ ಪಂಕ್ ರಾಕ್!

ಆದರೆ ಲೆಕ್ಕ ಹಾಕಿ. ರಮೋನ್ಸ್ ಬ್ಯಾಂಡಿನ ಮೊದಲ ಆಲ್ಬಮ್ ಬಂದದ್ದು 1976ರಲ್ಲಿ. ಇಂಗ್ಲೆಂಡಿನ ಸೆಕ್ಸ್ ಪಿಸ್ಟಲ್ಸ್‌ನ ಮೊದಲ ರೆಕಾರ್ಡು ಬಂದದ್ದು ಅದೇ ವರ್ಷದ ಕೊನೆಗೆ. ಪಂಕ್ ಎಂದರೆ ಜಗತ್ತು ಇವತ್ತಿಗೂ ಹೇಳುವುದು ಅವರ ಹೆಸರೇ. ಈ ಮೂವರು ಹುಡುಗರು ಸ್ಟುಡಿಯೋದಲ್ಲಿ ಇದನ್ನು ಬಾರಿಸಿದ್ದು 1975ರಲ್ಲಿ! ನ್ಯೂಯಾರ್ಕ್ ಅಲ್ಲ, ಲಂಡನ್ ಅಲ್ಲ, ಡೆಟ್ರಾಯಿಟ್‌ನ ಒಂದು ಮನೆಯ ಮಹಡಿಯಿಂದ ಎದ್ದು ಬಂದ ಸದ್ದು ಇದು.

ಮುಂದೇನಾಯಿತು? ಮೂವರೂ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಎಂಬ ಪುಟ್ಟ ಊರಿಗೆ ಹೋದರು. ‘ದಿ ಫೋರ್ತ್ ಮೂವ್‌ಮೆಂಟ್’ ಎಂಬ ಹೆಸರಿನಲ್ಲಿ ದೇವರ ಹಾಡುಗಳನ್ನು ರಾಕ್‌ನಲ್ಲಿ ಹಾಡಿ ಎರಡು ಆಲ್ಬಮ್ ತಂದರು. 1982ರಲ್ಲಿ ಡೇವಿಡ್ ಡೆಟ್ರಾಯಿಟ್‌ಗೆ ವಾಪಸ್ಸಾದ. ಬಾಬಿ, ಡ್ಯಾನಿಸ್ ಅಲ್ಲೇ ಉಳಿದು ‘ಲ್ಯಾಂಬ್ಸ್‌ಬ್ರೆಡ್’ ಎಂಬ ರೆಗೆ ಬ್ಯಾಂಡ್ ಕಟ್ಟಿದರು. ಮದುವೆ, ಮಕ್ಕಳು, ಸಂಸಾರ.

ಡೇವಿಡ್ ಮಾತ್ರ ‘ಡೆತ್’ ಅನ್ನು ಬಿಡಲಿಲ್ಲ. ಸ್ಟುಡಿಯೋದ ಮೂಲ ಟೇಪುಗಳನ್ನು ತಂದು ಬಾಬಿಯ ಕೈಗಿಟ್ಟ. ಜೋಪಾನವಾಗಿಡು, ಜಗತ್ತು ಒಂದು ದಿನ ಇದನ್ನು ಹುಡುಕಿಕೊಂಡು ಬರುತ್ತದೆ ಎಂದ. ಬಾಬಿ ಆ ಟೇಪುಗಳನ್ನು ಅಟ್ಟಕ್ಕೇರಿಸಿದ. 2000ದಲ್ಲಿ ಡೇವಿಡ್ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ.

ಅಟ್ಟದ ಮೇಲೆ ಟೇಪು. ಕೆಳಗೆ ಬೆಳೆಯುತ್ತಿರುವ ಮಕ್ಕಳು. ಬಾಬಿ ಅವರಿಗೆ ಈ ಕತೆ ಹೇಳಿದ್ದನೇ? ಇಲ್ಲ! ಎಲ್ಲ ಬಾಗಿಲೂ ಮುಚ್ಚಿಸಿಕೊಂಡ ಆ ನೋವನ್ನು ಕೆದಕುವುದು ಅವನಿಗೆ ಬೇಡವಾಗಿತ್ತು. ಮಕ್ಕಳ ಪಾಲಿಗೆ ಅಪ್ಪ ರೆಗೆ ಹಾಡುವ ಅಪ್ಪ, ಅಷ್ಟೇ.

ಅತ್ತ ಆ 500 ರೆಕಾರ್ಡುಗಳು ಏನಾದವು? ಇದೇ ನೋಡಿ ಮಜಾ! ಜಗತ್ತಿನಲ್ಲಿ ಒಂದು ಪಂಗಡವಿದೆ. ಹಳೇ ರೆಕಾರ್ಡಿನ ಅಂಗಡಿಗಳಲ್ಲಿ ಧೂಳು ಕುಡಿಯುತ್ತಾ ಒಂದೊಂದೇ ತಟ್ಟೆ ಮಗುಚುವವರು. ಅಂಥವರ ಕೈಗೆ ಅಲ್ಲೊಂದು ಇಲ್ಲೊಂದು ‘ಡೆತ್’ ಸಿಕ್ಕಿತು. ಕೇಳಿದರು. ದಂಗಾದರು. ಯಾರಿವರು? ಯಾಕೆ ಇವರ ಹೆಸರೇ ಕೇಳಿಲ್ಲ? ಕಿವಿಯಿಂದ ಕಿವಿಗೆ ಸುದ್ದಿ ಹಬ್ಬಿತು. ಒಂದು ಪ್ರತಿಯ ಬೆಲೆ ಎಲ್ಲಿಗೆ ಮುಟ್ಟಿತು ಗೊತ್ತೇ?

800 ಡಾಲರ್! ಯಾರೂ ಕೊಳ್ಳದ ಆ ಪುಟ್ಟ ರೆಕಾರ್ಡಿಗೆ!

ಆಮೇಲೆ ಹಾಡು ಇಂಟರ್ನೆಟ್ಟಿಗೆ ಇಳಿಯಿತು. ಪಾರ್ಟಿಗಳಲ್ಲಿ ಮೊಳಗತೊಡಗಿತು. ಕ್ಯಾಲಿಫೋರ್ನಿಯಾದಿಂದ ಸುದ್ದಿ ಹಾರಿ ಬಂದು ಆ ಮೂವರು ಅಣ್ಣತಮ್ಮಂದಿರಿಗೂ ಮುಟ್ಟಿತು. ನೆನಪಿದೆಯಲ್ಲ? ಬಾಬಿ ಜೂನಿಯರ್, ಜೂಲಿಯನ್, ಯೂರಿಯನ್. ಪಂಕ್ ಸಂಗೀತವೆಂದರೆ ಅವರಿಗೂ ಪ್ರಾಣ.

ಹಾಡು ಹಾಕಿದರು. ದನಿ ಬಂತು.

ಅದು ಅವರ ಅಪ್ಪನ ದನಿ!

ಯೋಚಿಸಿ ನೋಡಿ! ತಮ್ಮ ಪ್ರಾಣದ ಸಂಗೀತವನ್ನು ಮೂರು ದಶಕದ ಹಿಂದೆಯೇ ಬಾರಿಸಿದ್ದು ಅಪ್ಪ ಮತ್ತು ದೊಡ್ಡಪ್ಪಂದಿರು. ದಿನಾ ಜೊತೆಗೆ ಕೂತು ಊಟ ಮಾಡಿದ ಮನುಷ್ಯ! ಅದು ತಿಳಿದದ್ದು ಸಾವಿರಾರು ಮೈಲಿ ಆಚೆಯ ಅಪರಿಚಿತ ಅಭಿಮಾನಿಗಳಿಂದ! ಮೆಚ್ಚಿನ ಬ್ಯಾಂಡು ಸಿಕ್ಕ ಬಗೆಗಳಲ್ಲಿ ಇದಕ್ಕಿಂತ ಮಿಗಿಲಾದದ್ದು ನಿಮಗೆ ಗೊತ್ತಿದ್ದರೆ ಹೇಳಿ. ನನಗಂತೂ ಗೊತ್ತಿಲ್ಲ.

ಮಕ್ಕಳು ಸುಮ್ಮನೆ ಕೂರಲಿಲ್ಲ. ಅಪ್ಪನ ಹಾಡುಗಳನ್ನು ಬಾರಿಸಲೆಂದೇ ಒಂದು ಬ್ಯಾಂಡ್ ಕಟ್ಟಿದರು. ಅದಕ್ಕಿಟ್ಟ ಹೆಸರು ‘ರಫ್ ಫ್ರಾನ್ಸಿಸ್’. ಎಲ್ಲಿಂದ ಬಂತು ಈ ಹೆಸರು? ಡೇವಿಡ್ ಕೊನೆಗಾಲದಲ್ಲಿ ಒಬ್ಬನೇ ಹಾಡಿ ರೆಕಾರ್ಡು ಮಾಡುವಾಗ ತನಗೆ ಇಟ್ಟುಕೊಂಡಿದ್ದ ಹೆಸರು! ದೊಡ್ಡಪ್ಪ ಮತ್ತೆ ವೇದಿಕೆ ಏರಿದ.

ಇನ್ನು ಎಲ್ಲವೂ ಸರಸರ. ಬಾಬಿಯ ಅಟ್ಟದಿಂದ ಟೇಪುಗಳು ಇಳಿದವು. ಷಿಕಾಗೋದ ಇಂಡೀ ಲೇಬಲ್ ‘ಡ್ರ್ಯಾಗ್ ಸಿಟಿ’ ಮುಂದೆ ಬಂತು. 2009ರಲ್ಲಿ ಆ ಏಳೂ ಹಾಡುಗಳು ‘ಫಾರ್ ದಿ ಹೋಲ್ ವರ್ಲ್ಡ್ ಟು ಸೀ’ ಎಂಬ ಆಲ್ಬಮ್ಮಾಗಿ ಹೊರಬಂದವು. ರೆಕಾರ್ಡು ಮಾಡಿ 34 ವರ್ಷದ ಮೇಲೆ! ನ್ಯೂಯಾರ್ಕ್ ಟೈಮ್ಸ್ ದೊಡ್ಡದಾಗಿ ಬರೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಾಬಿ, ಡ್ಯಾನಿಸ್ ಮತ್ತೆ ‘ಡೆತ್’ ಆಗಿ ವೇದಿಕೆ ಹತ್ತಿದರು. ಡೇವಿಡ್‌ನ ಜಾಗದಲ್ಲಿ ಗಿಟಾರ್ ಹಿಡಿದದ್ದು ‘ಲ್ಯಾಂಬ್ಸ್‌ಬ್ರೆಡ್’ನ ಗೆಳೆಯ ಬಾಬಿ ಡಂಕನ್.

ಹೊಸ ಹೆಸರೇನಾದರೂ ಇಟ್ಟುಕೊಂಡರೇ? ಇಲ್ಲವೇ ಇಲ್ಲ! ಆಲ್ಬಮ್ಮಿನ ಮೇಲೂ, ಪೋಸ್ಟರಿನ ಮೇಲೂ ಡೇವಿಡ್ ಹಟ ಹಿಡಿದು ಉಳಿಸಿಕೊಂಡ ಅದೇ ಹೆಸರು. ಒಂದಕ್ಷರ ಕಡಿಮೆಯಿಲ್ಲ! ಆ ದಿನ ಅವನು ಹೂಂ ಅಂದಿದ್ದರೆ ದುಡ್ಡು ಬರುತ್ತಿತ್ತೇನೋ. ನನ್ನ ಮಟ್ಟಿಗೆ ಮಾತ್ರ ಅವನು ಆಗದು ಎಂದದ್ದೇ ಸರಿ. ಈ ಸಂಗೀತಕ್ಕೆ ಬೇರೆ ಹೆಸರು ಹೊಂದುವುದೇ ಇಲ್ಲ.

2012ರಲ್ಲಿ ‘ಎ ಬ್ಯಾಂಡ್ ಕಾಲ್ಡ್ ಡೆತ್’ ಎಂಬ ಸಾಕ್ಷ್ಯಚಿತ್ರವೂ ಬಂತು. ಅದರಲ್ಲಿ ಇವರನ್ನು ಕುರಿತು ಮಾತಾಡಲು ಯಾರು ಬಂದಿದ್ದಾರೆ ಗೊತ್ತೇ? ಆಲಿಸ್ ಕೂಪರ್! 1973ರಲ್ಲಿ ಈ ಹುಡುಗರು ಯಾರನ್ನು ನೋಡಿ ರಾಕ್‌ಗೆ ಮನಸೋತರೋ, ಅದೇ ಆಲಿಸ್ ಕೂಪರ್! ಆ ಚಿತ್ರ ನೋಡಿ ‘ಡೆತ್’ ಬ್ಯಾಂಡಿಗೆ ಬಿದ್ದವರು ಇನ್ನೊಂದು ದೊಡ್ಡ ಗುಂಪು. ನಾನೂ ಆ ಗುಂಪಿನವನೇ. ಬಾಬಿ ಅಣ್ಣನ ಹೆಸರು ಹೇಳುವಾಗ ದನಿ ಗದ್ಗದವಾಗುತ್ತದೆಯಲ್ಲ, ಅಲ್ಲಿ ನನ್ನ ಕಣ್ಣೂ ಒದ್ದೆಯಾಯಿತು.

ಈಗ ನಿಮ್ಮ ಸರದಿ. ಏಳೇ ಹಾಡು. ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. 800 ಡಾಲರ್ ಕೊಡಬೇಕಿಲ್ಲ, ಮೊಬೈಲಿನಲ್ಲೇ ಸಿಗುತ್ತದೆ. ‘ಪಾಲಿಟಿಶಿಯನ್ಸ್’ನಿಂದ ಶುರುಮಾಡಿ, ‘ಫ್ರೀಕಿನ್ ಔಟ್’ ಅಂತೂ ಬಿಡಲೇಬೇಡಿ. ದನಿ ಪೂರ್ತಿ ಏರಿಸಿ. ಮತ್ತೆ ಇವತ್ತೇ ರಾತ್ರಿ ನಿಮ್ಮ ಅಪ್ಪನನ್ನೋ ಅಮ್ಮನನ್ನೋ ಒಂದು ಮಾತು ಕೇಳಿ: ಇಪ್ಪತ್ತರ ವಯಸ್ಸಿನಲ್ಲಿ ನೀವು ಏನು ಹಾಡುತ್ತಿದ್ದಿರಿ?