ಪಿತ್ತನಾಳದ ಅಶ್ಮರಿ ಮತ್ತು ಅದರ ಅಂತರ್ದರ್ಶಕ ಚಿಕಿತ್ಸೆ

ಕಾಮಾಲೆಯಾದವನ ಕಣ್ಣಿಗೆ ಲೋಕವೆಲ್ಲ ಹಳದಿಯಾಗಿ ಕಾಣುವುದೆಂಬ ಗಾದೆ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ವಸ್ತುಸ್ಥಿತಿ ಇದಕ್ಕೆ ವಿಪರೀತವಾದುದು. ರೋಗಿಗೆ ಲೋಕವು ಎಂದಿನಂತೆಯೇ ಕಾಣುತ್ತಿರುತ್ತದೆ. ಅವನ ಕಣ್ಣು ಹಳದಿಗೆ ತಿರುಗಿದುದನ್ನು ಮೊದಲು ಕಾಣುವವರು ಮನೆಯ ಜನ. ಹಾಗೆ ಕಂಡೊಡನೆ ಕಾರವಾರ ಅಂಕೋಲೆಗಳ ಹಳ್ಳಿಗಳಲ್ಲಿ, ಕನ್ನಡ ನಾಡಿನ ಇತರೆಡೆಗಳಲ್ಲಿರುವಂತೆಯೇ, ಮೊದಲು ನೆನಪಾಗುವುದು ನಾಟಿ ಔಷಧ. ನೆಲನೆಲ್ಲಿಯನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಕುಡಿಸುವುದು, ಎಣ್ಣೆ ಖಾರಗಳನ್ನು ಬಿಡಿಸಿ ಪಥ್ಯ ಮಾಡಿಸುವುದು ವಾಡಿಕೆ. ಬರೆ ಹಾಕಿಸುವ ಕ್ರೂರ ಪದ್ಧತಿಯೂ ಪೂರ್ಣವಾಗಿ ಅಳಿದಿಲ್ಲ. ಈ ಉಪಚಾರಗಳ ಮೇಲೆ ಜನಕ್ಕಿರುವ ನಂಬಿಕೆಗೆ ಕಾರಣವಿಲ್ಲದಿಲ್ಲ. ಕಲುಷಿತ ನೀರಿನಿಂದ ಹರಡುವ ಯಕೃತ್ತಿನ ಸೋಂಕಿನಿಂದ ಬಂದ ಕಾಮಾಲೆಯು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಕೀರ್ತಿಯು ಔಷಧಕ್ಕೆ ಸಲ್ಲುತ್ತದೆ. ಆದರೆ ತಾನಾಗಿ ಇಳಿಯದ ಕಾಮಾಲೆಯೊಂದುಂಟು. ಪಿತ್ತವು ಹರಿಯುವ ದಾರಿಯನ್ನು ಕಲ್ಲೊಂದು ಅಡ್ಡಗಟ್ಟಿದಾಗ ಬರುವ ಕಾಮಾಲೆ ಅದು. ಅಲ್ಲಿ ವಾರಗಟ್ಟಲೆ ಕಾಯುವುದು ಪ್ರಾಣಕ್ಕೇ ಎರವಾಗಬಹುದು.

ಕಾಮಾಲೆಯಲ್ಲಿ ಭೇದವುಂಟೆಂಬ ತಿಳಿವು ಹೊಸದೇನಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗದ ಪ್ರಕರಣದಲ್ಲಿಯೇ ಕಾಮಲೆಯ ವಿಚಾರವೂ ಬಂದಿದೆ. ಕೋಷ್ಠ ಶಾಖೆಗಳೆರಡನ್ನೂ ಆಶ್ರಯಿಸಿದ ಕಾಮಲೆ ಒಂದು, ಶಾಖೆಯನ್ನು ಮಾತ್ರ ಆಶ್ರಯಿಸಿದುದು ಇನ್ನೊಂದು. ಈ ಎರಡನೆಯದರಲ್ಲಿ ಕಫದಿಂದ ಪಿತ್ತದ ಮಾರ್ಗವು ನಿರುದ್ಧವಾಗುವುದೆಂದೂ ರೋಗಿಯ ಮಲವು ಅರೆದ ಎಳ್ಳನ್ನು ಹೋಲುವುದೆಂದೂ ಆಚಾರ್ಯನು ಹೇಳಿದ್ದಾನೆ. ಇಂದಿನ ವೈದ್ಯನೂ ಕಾಮಾಲೆಯ ರೋಗಿಯನ್ನು ಮಲದ ಬಣ್ಣ ಹೇಗಿದೆಯೆಂದೇ ಕೇಳುತ್ತಾನೆ. ಪಿತ್ತವು ಕರುಳಿಗೆ ಇಳಿಯದಿದ್ದರೆ ಮಲಕ್ಕೆ ಬಣ್ಣವೆಲ್ಲಿಂದ ಬರಬೇಕು? ಇಷ್ಟರಿಂದಲೇ ಪ್ರಾಚೀನರಿಗೆ ಪಿತ್ತನಾಳದ ಕಲ್ಲು ತಿಳಿದಿತ್ತೆಂದು ಸಾಧಿಸಹೊರಡುವುದು ಮಾತ್ರ ಸಾಹಸವಾದೀತು. ಸುಶ್ರುತನು ವಿಸ್ತಾರವಾಗಿ ವರ್ಣಿಸಿದ ಅಶ್ಮರಿ ಮೂತ್ರಾಶಯದ್ದು. ಪಿತ್ತಾಶ್ಮರಿ ಎಂಬುದು ಈಚಿನವರು ಟಂಕಿಸಿದ ಶಬ್ದ.

ಯಕೃತ್ತು ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಸ್ರವಿಸುತ್ತದೆ. ಅದರ ಕೆಳಮಗ್ಗುಲಿಗೆ ಅಂಟಿಕೊಂಡಿರುವ ಪಿತ್ತಕೋಶವು ಅದರಲ್ಲಿ ಸ್ವಲ್ಪ ಭಾಗವನ್ನು ಸಂಗ್ರಹಿಸಿ, ನೀರನ್ನು ಹೀರಿ ಗಟ್ಟಿ ಮಾಡಿ, ಜಿಡ್ಡಿನ ಆಹಾರ ಬಂದಾಗ ಹೊರಕ್ಕೆ ಚಿಮ್ಮಿಸುತ್ತದೆ. ಯಕೃತ್ತಿನಿಂದಲೂ ಪಿತ್ತಕೋಶದಿಂದಲೂ ಬರುವ ಕವಲುಗಳು ಸೇರಿ ಒಂದಾದುದೇ ಮುಖ್ಯ ಪಿತ್ತನಾಳ. ಅದರ ಉದ್ದ ಏಳೆಂಟು ಸೆಂಟಿಮೀಟರು, ಒಳಗಿನ ಅಗಲ ಸುಮಾರು ಆರು ಮಿಲಿಮೀಟರು. ಮೇದೋಜೀರಕ ಗ್ರಂಥಿಯ ನಾಳವೂ ಅದರೊಡನೆ ಕೂಡಿ, ಎರಡೂ ಸಣ್ಣಕರುಳಿನ ಆದಿಭಾಗದಲ್ಲಿ ಮೊಲೆತೊಟ್ಟಿನಂತಹ ಒಂದು ಉಬ್ಬಿನ ಮೂಲಕ ತೆರೆದುಕೊಳ್ಳುತ್ತವೆ. ಅಲ್ಲಿ ದ್ವಾರಪಾಲಕನಂತೆ ನಿಂತು ತೆರೆದು ಮುಚ್ಚುವ ಸ್ನಾಯುವಿನ ಉಂಗುರವೊಂದಿದೆ. ೧೮೮೭ರಲ್ಲಿ ಅದನ್ನು ವಿವರಿಸಿದ ಇಟಲಿಯ ರುಗೆರೊ ಓಡಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಎರಡು ನಾಳಗಳಿಗೆ ಬಾಗಿಲು ಒಂದೇ ಎಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಚಿಕಿತ್ಸೆಯ ಅಪಾಯವೂ ಆ ಬಾಗಿಲಲ್ಲಿಯೇ ಇದೆ.

ಕಲ್ಲು ಹುಟ್ಟುವ ಬಗೆಯನ್ನು ಅರಿಯಲು ಗಂಗಾವಳಿಯ ಆಚೆಗಿರುವ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೆನೆದರೆ ಸಾಕು. ನೀರು ತೆಳುವಾಗಿರುವ ತನಕ ಉಪ್ಪು ಅದರಲ್ಲಿ ಕರಗಿ ಅಡಗಿರುತ್ತದೆ. ಬಿಸಿಲಿಗೆ ನೀರು ಇಂಗಿ ಹದ ಮೀರಿದೊಡನೆ ಹರಳುಗಟ್ಟುತ್ತದೆ. ಪಿತ್ತರಸದಲ್ಲಿ ಕರಗಿರುವ ಕೊಲೆಸ್ಟರಾಲು ಮಿತಿಮೀರಿದರೆ, ಪಿತ್ತಕೋಶವು ಸರಿಯಾಗಿ ಬರಿದಾಗದೆ ರಸವು ನಿಂತರೆ, ಅಲ್ಲಿಯೂ ಹೀಗೆಯೇ ಹರಳು ಮೂಡಿ, ಹರಳು ಬೆಳೆದು ಕಲ್ಲಾಗುತ್ತದೆ. ಪಿತ್ತದ ಬಣ್ಣದ ಅಂಶವೇ ಗಟ್ಟಿಯಾಗಿ ಆಗುವ ಕಪ್ಪು ಅಥವಾ ಕಂದು ಕಲ್ಲುಗಳೂ ಇವೆ. ಅವುಗಳ ಪಾಲು ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ಅನ್ನದಲ್ಲಿ ಸಿಕ್ಕ ಹರಳನ್ನು ನುಂಗಿದುದರಿಂದ ಹೊಟ್ಟೆಯಲ್ಲಿ ಕಲ್ಲಾಯಿತೆಂಬ ಮಾತಿಗೆ ಆಧಾರವಿಲ್ಲ. ಪಿತ್ತಕೋಶದಲ್ಲಿ ಕಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಆಜೀವ ತೊಂದರೆಯಾಗುವುದಿಲ್ಲ. ಕಲ್ಲು ಜಾರಿ ಮುಖ್ಯ ನಾಳಕ್ಕೆ ಬಿದ್ದರೆ ಮಾತು ಬೇರೆ.

ಆಗ ಬಲಪಕ್ಕೆಯ ಕೆಳಗೆ ನೋವು, ಕಾಮಾಲೆ, ನಡುಕದೊಡನೆ ಜ್ವರ, ಈ ಮೂರೂ ಕೂಡಿ ಬರುತ್ತವೆ. ಫ್ರಾನ್ಸಿನ ಶಾರ್ಕೊ ಎಂಬ ವೈದ್ಯನು ೧೮೭೭ರಲ್ಲಿ ಗುರುತಿಸಿದ ಲಕ್ಷಣತ್ರಯವಿದು. ಮೂತ್ರವು ಚಹದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ, ಮೈಯೆಲ್ಲ ತುರಿಕೆಯೇಳುತ್ತದೆ. ನಿಂತ ಪಿತ್ತದಲ್ಲಿ ರೋಗಾಣುಗಳು ಬೆಳೆದು ರಕ್ತಕ್ಕೆ ಇಳಿದರೆ ರಕ್ತದೊತ್ತಡ ಕುಸಿದು ಬುದ್ಧಿ ಮಸುಕಾಗುತ್ತದೆ. ಮೂರೂ ಲಕ್ಷಣಗಳು ಎಲ್ಲರಲ್ಲಿಯೂ ಒಟ್ಟಿಗೆ ಕಾಣಿಸಿಕೊಳ್ಳುವುದಿಲ್ಲ. ವೃದ್ಧರಲ್ಲಿ ಕೆಲವೊಮ್ಮೆ ಬರಿಯ ನಿಶ್ಶಕ್ತಿಯೇ ಮುನ್ಸೂಚನೆ.

ಹಿಂದೆ ಇದಕ್ಕೆ ಉದರವನ್ನು ತೆರೆಯುವುದೊಂದೇ ಮಾರ್ಗವಾಗಿತ್ತು. ೧೮೮೨ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಕ್ ಪಿತ್ತಕೋಶವನ್ನು ತೆಗೆದನು. ಎಂಟು ವರ್ಷಗಳ ತರುವಾಯ ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಪಿತ್ತನಾಳವನ್ನೇ ಕೊಯ್ದು ಕಲ್ಲು ತೆಗೆದವರಲ್ಲಿ ಮೊದಲಿಗರ ಸಾಲಿಗೆ ಸೇರಿದನು. ಕೊಯ್ದ ನಾಳದಲ್ಲಿ ರಬ್ಬರಿನ ಕೊಳವೆಯನ್ನಿರಿಸಿ ಪಿತ್ತವನ್ನು ಹೊರಕ್ಕೆ ಹರಿಯಗೊಟ್ಟು ದಿನಗಟ್ಟಲೆ ಕಾಯಬೇಕಾಗುತ್ತಿತ್ತು. ಗಾಜಿನ ಎಳೆಗಳ ಮೂಲಕ ಬೆಳಕನ್ನೂ ಬಿಂಬವನ್ನೂ ಬಾಗಿಸಿ ಒಯ್ಯಬಹುದೆಂದು ೧೯೫೪ರಲ್ಲಿ ತೋರಿಸಿದವರಲ್ಲಿ ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರೊಬ್ಬರೆಂಬುದು ಭಾರತೀಯರು ಮರೆಯಬಾರದ ವಿಷಯ. ಆ ತತ್ತ್ವದಿಂದಲೇ ೧೯೫೭ರಲ್ಲಿ ಹಿರ್ಷೊವಿಟ್ಸ್ ಬಾಗುವ ಎಂಡೋಸ್ಕೋಪನ್ನು ಬಳಕೆಗೆ ತಂದರು. ೧೯೬೮ರಲ್ಲಿ ಅಮೆರಿಕದ ಮೆಕ್ಯೂನ್ ಆ ನಳಿಕೆಯ ಮೂಲಕ ಪಿತ್ತದ್ವಾರದೊಳಕ್ಕೆ ಔಷಧವನ್ನು ಚುಚ್ಚಿ ಎಕ್ಸ್‌ರೇ ಚಿತ್ರ ಪಡೆದರು. ಆ ದ್ವಾರವನ್ನು ಕೊಯ್ದು ಅಗಲಿಸಿ ಕಲ್ಲನ್ನು ಹೊರತರಬಹುದೆಂದು ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್, ಜಪಾನಿನ ಕವಾಯಿ, ಪರಸ್ಪರ ಬೇರೆಬೇರೆಯಾಗಿಯೇ ಮಾಡಿ ತೋರಿಸಿ ೧೯೭೪ರಲ್ಲಿ ಪ್ರಕಟಿಸಿದರು. ವೈದ್ಯರು ಇ.ಆರ್.ಸಿ.ಪಿ. ಎಂದು ಕರೆಯುವ ಚಿಕಿತ್ಸೆ ಇದೇ. ಭಾರತದಲ್ಲಿ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಹೈದರಾಬಾದಿನ ಡಾ. ಡಿ. ನಾಗೇಶ್ವರ ರೆಡ್ಡಿಯವರು ಅಗ್ರಗಣ್ಯರು; ೨೦೨೫ರಲ್ಲಿ ಅವರಿಗೆ ಪದ್ಮವಿಭೂಷಣ ಸಂದಿತು.

ಅದರ ವಿಧಾನ ಹೀಗೆ. ರೋಗಿಯನ್ನು ಉಪವಾಸವಿರಿಸಿ, ನಿದ್ರೆ ಬರುವ ಮದ್ದು ಕೊಟ್ಟು, ಬೆರಳಿನ ದಪ್ಪದ ಮೆತುವಾದ ನಳಿಕೆಯನ್ನು ಬಾಯಿಯಿಂದ ಅನ್ನನಾಳ ಜಠರಗಳನ್ನು ದಾಟಿಸಿ ಸಣ್ಣಕರುಳಿನ ಆದಿಭಾಗಕ್ಕೆ ಒಯ್ಯುತ್ತಾರೆ. ಸಾಧಾರಣ ಅಂತರ್ದರ್ಶಕದ ಕಣ್ಣು ತುದಿಯಲ್ಲಿದ್ದರೆ ಇದರ ಕಣ್ಣು ಪಕ್ಕದಲ್ಲಿದೆ, ಏಕೆಂದರೆ ಪಿತ್ತದ್ವಾರವು ಕರುಳಿನ ಗೋಡೆಯಲ್ಲಿದೆ. ನಳಿಕೆಯೊಳಗಿಂದ ಸೂಕ್ಷ್ಮವಾದ ತಂತಿಯೊಂದನ್ನು ಆ ದ್ವಾರದೊಳಕ್ಕೆ ತೂರಿಸುವುದೇ ಇಡೀ ಕ್ರಿಯೆಯ ಕಠಿನತಮ ಭಾಗ. ನುರಿತ ಕೈಗೂ ಅದು ಕೆಲವೊಮ್ಮೆ ಒಗ್ಗುವುದಿಲ್ಲ. ತಂತಿ ಸೇರಿದ ಬಳಿಕ ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಬಿಟ್ಟು ಕಲ್ಲಿನ ಸ್ಥಾನ ನೋಡಿ, ವಿದ್ಯುತ್ತಿನಿಂದ ಕಾಯ್ದ ತಂತಿಯಿಂದ ದ್ವಾರದ ಸ್ನಾಯುವನ್ನು ಕೆಲವೇ ಮಿಲಿಮೀಟರುಗಳಷ್ಟು ಕೊಯ್ಯುತ್ತಾರೆ. ಅನಂತರ ಪುಟ್ಟ ಬೆಲೂನನ್ನು ಕಲ್ಲಿನ ಮೇಲಕ್ಕೆ ಒಯ್ದು ಊದಿ ಕೆಳಕ್ಕೆ ಎಳೆಯುತ್ತಾರೆ, ಇಲ್ಲವೆ ತಂತಿಯ ಬುಟ್ಟಿಯಲ್ಲಿ ಅದನ್ನು ಹಿಡಿದು ತರುತ್ತಾರೆ. ಕಲ್ಲು ಕರುಳಿಗೆ ಬಿದ್ದರೆ ಸಾಕು, ಮಲದೊಡನೆ ಹೋಗುತ್ತದೆ. ಹೊಟ್ಟೆಯ ಮೇಲೆ ಗಾಯವಿಲ್ಲ. ತೊಡಕಿಲ್ಲದಿದ್ದರೆ ರೋಗಿಯು ಒಂದೆರಡು ದಿನಗಳಲ್ಲಿ ಮನೆಗೆ ಹೋಗಬಹುದು.

ಫಲವೇನೆಂದು ಕೇಳಿದರೆ, ನೂರರಲ್ಲಿ ಎಂಬತ್ತೈದರಿಂದ ತೊಂಬತ್ತು ಮಂದಿಯ ನಾಳವು ಈ ಸಾಧಾರಣ ಉಪಕರಣಗಳಿಂದಲೇ ಶುದ್ಧವಾಗುತ್ತದೆ. ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡ ಕಲ್ಲುಗಳು ಹಟಮಾರಿಗಳು. ಅವಕ್ಕೆ ದ್ವಾರವನ್ನು ದೊಡ್ಡ ಬೆಲೂನಿನಿಂದ ಹಿಗ್ಗಿಸುವುದು, ಕಲ್ಲನ್ನು ಒಳಗೇ ಪುಡಿಮಾಡುವುದು ಮೊದಲಾದ ಉಪಾಯಗಳಿವೆ. ಈ ಚಿಕಿತ್ಸೆಯ ನಿಜವಾದ ಮಹತ್ತ್ವವು ನಾಳದಲ್ಲಿ ಕೀವುಗಟ್ಟಿ ಪ್ರಾಣಸಂಕಟದಲ್ಲಿರುವ ರೋಗಿಯಲ್ಲಿ ಕಾಣುತ್ತದೆ. ಹಾಂಗ್‌ಕಾಂಗಿನ ವೈದ್ಯರು ಅಂತಹ ೮೨ ಮಂದಿಯನ್ನು ಎರಡು ಸಮ ಪಂಗಡಗಳಾಗಿ ಮಾಡಿ ಒಂದಕ್ಕೆ ಶಸ್ತ್ರಕ್ರಿಯೆಯನ್ನೂ ಇನ್ನೊಂದಕ್ಕೆ ಅಂತರ್ದರ್ಶಕದ ಮೂಲಕ ಪಿತ್ತವನ್ನು ಹರಿಯಬಿಡುವ ಚಿಕಿತ್ಸೆಯನ್ನೂ ಮಾಡಿ ೧೯೯೨ರಲ್ಲಿ ವರದಿಯಿತ್ತರು. ಮೊದಲನೆಯ ೪೧ ಮಂದಿಯಲ್ಲಿ ಸತ್ತವರು ೧೩. ಎರಡನೆಯ ೪೧ ಮಂದಿಯಲ್ಲಿ ೪. ಈ ಅಂಕಿಗಳ ಮುಂದೆ ಹೆಚ್ಚಿನ ವಾದ ಬೇಕಿಲ್ಲ.

ಆದರೆ ನಿರಪಾಯವಾದ ಚಿಕಿತ್ಸೆಯೆಂದು ಹೊಗಳುವುದು ಸಲ್ಲದು. ಅಮೆರಿಕ ಮತ್ತು ಕೆನಡಾಗಳಲ್ಲಿ ಈ ಬಗೆಯಲ್ಲಿ ದ್ವಾರ ಕೊಯ್ಯಿಸಿಕೊಂಡ ೨೩೪೭ ಮಂದಿಯನ್ನು ಪರಿಶೀಲಿಸಿ ೧೯೯೬ರಲ್ಲಿ ಪ್ರಕಟಿಸಿದ ವರದಿಯಂತೆ ನೂರರಲ್ಲಿ ಸುಮಾರು ಹತ್ತು ಮಂದಿಗೆ ತೊಡಕುಗಳಾದವು; ೫.೪ ಮಂದಿಗೆ ಮೇದೋಜೀರಕದ ಉರಿಯೂತ, ಇಬ್ಬರಿಗೆ ರಕ್ತಸ್ರಾವ. ಎರಡು ನಾಳಗಳಿಗೆ ಬಾಗಿಲು ಒಂದೇ ಆಗಿರುವುದರಿಂದ ಪಿತ್ತನಾಳವನ್ನು ಅರಸುವ ತಂತಿಯು ನೆರೆಯ ಗ್ರಂಥಿಯನ್ನು ಕೆಣಕುವುದೇ ಉರಿಯೂತಕ್ಕೆ ಮುಖ್ಯ ಕಾರಣ. ಚಿಕಿತ್ಸೆಯ ವೇಳೆ ಗುದದ್ವಾರದಲ್ಲಿಡುವ ಇಂಡೊಮೆಥಾಸಿನ್ ಎಂಬ ಅಗ್ಗದ ಗುಳಿಗೆಯು ಈ ಅಪಾಯವನ್ನು ತಗ್ಗಿಸುವುದೆಂದು ೨೦೧೨ರಲ್ಲಿ ಸಿದ್ಧಪಟ್ಟಿತು: ಹೆಚ್ಚಿನ ಅಪಾಯವಿದ್ದ ೬೦೨ ಮಂದಿಯಲ್ಲಿ ಗುಳಿಗೆ ಪಡೆಯದವರಲ್ಲಿ ಶೇಕಡ ೧೬.೯ರಷ್ಟಿದ್ದ ಉರಿಯೂತವು ಪಡೆದವರಲ್ಲಿ ೯.೨ಕ್ಕೆ ಇಳಿದಿತ್ತು. ಅಪಾಯವಿರುವುದರಿಂದಲೇ ಬರಿಯ ಸಂಶಯ ನಿವಾರಣೆಗಾಗಿ ಇ.ಆರ್.ಸಿ.ಪಿ. ಮಾಡುವ ಪದ್ಧತಿ ಹಿಂದೆ ಸರಿದಿದೆ. ಮೊದಲು ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್; ನಾಳದ ಕೆಳತುದಿಯನ್ನು ಕರುಳಿನ ವಾಯು ಮರೆಸುವುದರಿಂದ ಸ್ಕ್ಯಾನಿಂಗಿನಲ್ಲಿ ಕಲ್ಲು ಕಾಣದಿರಬಹುದು, ಆಗ ಎಂ.ಆರ್.ಐ. ಬಗೆಯ ಚಿತ್ರ, ಕಲ್ಲು ನಿಶ್ಚಿತವಾದ ಮೇಲೆ ಈ ಚಿಕಿತ್ಸೆ.

ನಾಳದ ಕಲ್ಲು ಹೋದರೂ ಕಲ್ಲಿನ ತವರಾದ ಪಿತ್ತಕೋಶ ಉಳಿದೇ ಇರುತ್ತದೆ. ನೋವು ನಿಂತಿತೆಂದು ಎರಡನೆಯ ಶಸ್ತ್ರಕ್ರಿಯೆಯನ್ನು ಮುಂದೂಡುವವರು ಬಹಳ. ನೆದರ್ಲೆಂಡ್ಸಿನ ೨೦೦೨ರ ಅಧ್ಯಯನವೊಂದರಲ್ಲಿ ಹೀಗೆ ಕಾದುನೋಡಿದವರಲ್ಲಿ ನೂರಕ್ಕೆ ೪೭ ಮಂದಿಗೆ ತೊಂದರೆ ಮರುಕಳಿಸಿತು. ಪಿತ್ತಕೋಶವನ್ನು ತೆಗೆಸಿಕೊಂಡವರಲ್ಲಿ ಇಬ್ಬರಿಗೆ ಮಾತ್ರ. ನುರಿತ ಶಸ್ತ್ರವೈದ್ಯರಿರುವಲ್ಲಿ ಲ್ಯಾಪರೋಸ್ಕೋಪಿನಿಂದ ನಾಳವನ್ನೂ ಪಿತ್ತಕೋಶವನ್ನೂ ಒಂದೇ ಬಾರಿಗೆ ಶುದ್ಧಮಾಡುವ ಮಾರ್ಗವೂ ಉಂಟು, ಅದರ ಫಲವೂ ಕೀಳಲ್ಲ.

ಇನ್ನು ಕಾರವಾರ ಅಂಕೋಲೆಗಳವರಿಗೆ ವಿಶೇಷವಾಗಿ ಸಂಬಂಧಿಸಿದ ಮಾತು. ಕೀವುಗಟ್ಟಿ ರಕ್ತದೊತ್ತಡ ಕುಸಿದ ರೋಗಿಗೆ ಹನ್ನೆರಡು ಗಂಟೆಗಳೊಳಗೆ, ಮಧ್ಯಮ ತೀವ್ರತೆಯವರಿಗೆ ಎರಡು ಮೂರು ದಿನಗಳೊಳಗೆ ನಾಳವನ್ನು ಬಿಡಿಸಬೇಕೆಂದು ಯೂರೋಪಿನ ತಜ್ಞರ ಸಂಘವು ೨೦೧೯ರಲ್ಲಿ ವಿಧಿಸಿದೆ. ಈ ಸೀಮೆಯವರು ಇಂತಹ ವಿಶೇಷ ಚಿಕಿತ್ಸೆಗಳಿಗೆ ಬಹುಕಾಲದಿಂದ ನೆಚ್ಚಿರುವುದು ದಕ್ಷಿಣಕ್ಕೆ ಮಣಿಪಾಲ, ಪೂರ್ವಕ್ಕೆ ಹುಬ್ಬಳ್ಳಿ, ಉತ್ತರಕ್ಕೆ ಗೋವೆಯ ಬಾಂಬೋಳಿ. ಕಾರವಾರದಿಂದ ಮಣಿಪಾಲಕ್ಕೆ ಸುಮಾರು ಇನ್ನೂರು ಕಿಲೋಮೀಟರು. ಬಾಂಬೋಳಿಗೆ ನೂರರ ಸಮೀಪ. ಮಳೆಗಾಲದಲ್ಲಿ ಈ ದಾರಿಗಳ ಗತಿಯೇನೆಂಬುದು ಎಲ್ಲರೂ ಬಲ್ಲ ವಿಷಯ. ೨೦೨೧ರ ಜುಲೈಯಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿಯ ದಾರಿ ನಿಂತಿತು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಜರಿದು ಜನ ಸತ್ತರು, ತೆಂಕಣ ದಾರಿ ಕಡಿಯಿತು. ಮೂರು ವಾರಗಳಲ್ಲಿಯೇ, ಆಗಸ್ಟ್ ೭ರಂದು, ಕಾರವಾರದ ಕಾಳೀ ನದಿಯ ಹಳೆಯ ಸೇತುವೆ ಕುಸಿಯಿತು. ಜಿಲ್ಲೆಗೊಂದು ಸುಸಜ್ಜಿತ ಬಹುವಿಶೇಷ ಆಸ್ಪತ್ರೆ ಬೇಕೆಂದು ೨೦೧೯ರಲ್ಲಿಯೂ ೨೦೨೨ರಲ್ಲಿಯೂ ಜನರು ಕೂಗೆಬ್ಬಿಸಿದುದು ಸುಮ್ಮನೆ ಅಲ್ಲ. ಕಾರವಾರದಲ್ಲಿ ೨೦೧೬ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಯುತ್ತಿದೆ. ಕಾಮಾಲೆ ಯಾವ ಬಗೆಯದೆಂದು ತಿಳಿಸುವ ರಕ್ತಪರೀಕ್ಷೆ ಸ್ಕ್ಯಾನಿಂಗುಗಳಿಗೆ ಊರು ಬಿಡಬೇಕಿಲ್ಲ. ಕಣ್ಣು ಹಳದಿಯಾದ ವಾರದಲ್ಲಿಯೇ ಅವನ್ನು ಮಾಡಿಸಿಕೊಂಡವನಿಗೆ ದಾರಿ ತೆರೆದಿರುವ ಹೊತ್ತು ನೋಡಿ ಹೊರಡಲು ಅವಕಾಶವಿರುತ್ತದೆ. ಚಳಿಜ್ವರ ಬಂದ ಮೇಲೆ ಆ ಅವಕಾಶವಿಲ್ಲ.

ದೂರದ ರೋಗಿಗಳಲ್ಲಿ ಇನ್ನೊಂದು ತೊಡಕುಂಟು. ಕಲ್ಲು ಪೂರ್ತಿ ಬಾರದಿದ್ದಾಗ, ಅಥವಾ ರೋಗಿಯ ಸ್ಥಿತಿ ಬಿಗಡಾಯಿಸಿದ್ದಾಗ, ಪಿತ್ತ ಹರಿಯಲೆಂದು ನಾಳದಲ್ಲಿ ಪ್ಲಾಸ್ಟಿಕ್ಕಿನ ಕಿರುಕೊಳವೆಯೊಂದನ್ನು ಇಟ್ಟು ಕಳುಹಿಸುತ್ತಾರೆ. ಸ್ಟೆಂಟ್ ಎಂದು ಅದರ ಹೆಸರು. ಹೃದಯದ ಸ್ಟೆಂಟಿನಂತೆ ಇದೂ ಶಾಶ್ವತವೆಂದು ಭಾವಿಸಿ, ಕಾಮಾಲೆ ಇಳಿದ ಸಮಾಧಾನದಲ್ಲಿ ಮರೆಯುವವರಿದ್ದಾರೆ. ಪ್ಲಾಸ್ಟಿಕ್ಕಿನ ಕೊಳವೆಯು ತಿಂಗಳುಗಳು ಕಳೆದಂತೆ ಕಟ್ಟಿಕೊಳ್ಳುತ್ತದೆ, ಅದರ ಸುತ್ತಲೇ ಹೊಸ ಕಲ್ಲು ಬೆಳೆಯುತ್ತದೆ, ಮೊದಲಿಗಿಂತ ಕೆಟ್ಟ ಸೋಂಕಿನೊಡನೆ ರೋಗಿ ಮರಳಿ ಬರುತ್ತಾನೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಅದನ್ನು ತೆಗೆಸಬೇಕು, ಇಲ್ಲವೆ ಬದಲಿಸಬೇಕು. ಬಿಡುಗಡೆಯ ಚೀಟಿಯಲ್ಲಿ ಸ್ಟೆಂಟ್ ಇಟ್ಟ ತಾರೀಖನ್ನು ಬರೆದಿರುತ್ತಾರೆ. ಮನೆಯ ಗೋಡೆಯ ಪಂಚಾಂಗದಲ್ಲಿ ಅದರಿಂದ ಮೂರನೆಯ ತಿಂಗಳಿಗೆ ಒಂದು ಗುರುತು ಹಾಕಿ, ಆ ಚೀಟಿಯನ್ನು ಮುಂದಿನ ಪ್ರಯಾಣಕ್ಕೆ ಜೋಪಾನವಾಗಿ ಎತ್ತಿಟ್ಟುಕೊಳ್ಳತಕ್ಕದ್ದು.